ಸೌದೆ ಒಣಗಿದ್ಯಾ?

ಈ ಬೇಸಿಗೆಯಲ್ಲಿ ಎರಡು ಮನೆಯವರು ಫೋನ್ ಮಾಡಿದರು. ಒಬ್ಬರು ಹಾಸನದ ಕಡೆಯವರು, ಇನ್ನೊಬ್ಬರು ಹುಬ್ಬಳ್ಳಿಯವರು. ಕೆನಡಾದ ಒಟ್ಟಾವಾದಲ್ಲಿ ಬಾಡಿಗೆ ಕಟ್ಟಿ ಸಾಕಾಗಿ ಇಬ್ಬರೂ ನಮ್ಮ ಲಾನಾರ್ಕ್ ಕೌಂಟಿ ಕಡೆ ಒಂದು ಹಳೇ ಮನೆ, ನಾಲ್ಕಾರು ಎಕರೆ ಜಾಗ ತಗೊಂಡಿದ್ದಾರೆ. ಡೌನ್ ಪೇಮೆಂಟ್ ಕಟ್ಟಿದ ಮೇಲೆ ಕೈಯಲ್ಲಿ ಏನೂ ಉಳಿದಿಲ್ಲ. "ಅಕ್ಕಾ, ಚಳಿಗಾಲಕ್ಕೆ ಏನೇನು ಮಾಡ್ಕೋಬೇಕು?" ಅಂತ ಕೇಳಿದರು. ಹೇಳಿದ್ದು ಅರ್ಧ, ಫೋನಿಟ್ಟ ಮೇಲೆ ನೆನಪಾಗಿದ್ದು ಅರ್ಧ. ಅದಕ್ಕೇ ಬರೆದಿಡುತ್ತಿದ್ದೇನೆ.

ಇದನ್ನು ಜುಲೈನಲ್ಲಿ ಓದುತ್ತಿದ್ದರೆ ನೀವು ಪುಣ್ಯವಂತರು. ಅಕ್ಟೋಬರಿನಲ್ಲಿ ಓದುತ್ತಿದ್ದರೆ ಸೌದೆಯ ಭಾಗ ಮಾತ್ರ ಓದಿ ಎದ್ದು ಹೊರಡಿ, ಮಿಕ್ಕಿದ್ದು ರಾತ್ರಿ ಓದಿದರಾಯಿತು.

ನಾವು ಇಲ್ಲಿಗೆ ಬಂದಿದ್ದು 2015ರ ಆಗಸ್ಟಿನಲ್ಲಿ. ಹನ್ನೊಂದು ಎಕರೆ ಅಂದಾಗ ಊರಿನವರು ನಮ್ಮನ್ನು ಜಮೀನ್ದಾರರು ಅಂದುಕೊಂಡರು. ಅದರಲ್ಲಿ ಎಂಟು ಎಕರೆ ಬಂಡೆ ಮತ್ತು ಸೀಡರ್ ಮರ. ಕೆನಡಿಯನ್ ಶೀಲ್ಡ್ ಅಂತಾರಲ್ಲ, ಆ ಹಳೇ ಬಂಡೆಯ ಅಂಚಿನ ಸೀಮೆ ಇದು. ಹಾರೆ ಹಾಕಿದಲ್ಲೆಲ್ಲ ಠಣ್ ಅನ್ನುತ್ತೆ. ಯಜಮಾನರು ಟ್ರಕ್ ಓಡಿಸುತ್ತಾರೆ, ವಾರದಲ್ಲಿ ನಾಲ್ಕು ದಿನ ಮನೆಯಲ್ಲಿ ಇರುವುದಿಲ್ಲ. ಹಾಗಾಗಿ ಕೆಳಗೆ ಬರೆದಿರುವ ತಪ್ಪುಗಳಲ್ಲಿ ಮುಕ್ಕಾಲು ಪಾಲು ನನ್ನವೇ.

ಮೊದಲನೇ ತಪ್ಪು ಸೌದೆಯದ್ದು. ಇದನ್ನು ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತೆ, ಯಾಕೆಂದರೆ ನಾನು ತೀರ್ಥಹಳ್ಳಿ ಕಡೆಯವಳು. ಮಳೆಗಾಲ ಹಿಡಿಯುವುದರೊಳಗೆ ಸೌದೆ ಕೊಟ್ಟಿಗೆ ತುಂಬದಿದ್ದರೆ ನಮ್ಮಮ್ಮನಿಗೆ ನಿದ್ದೆ ಬರುತ್ತಿರಲಿಲ್ಲ. ಬೇಸಿಗೆ ರಜೆಯಲ್ಲಿ ನಮಗೆ ಅದೇ ಕೆಲಸ. ಅಂಥವಳು ಇಲ್ಲಿ ಬಂದು ಅಕ್ಟೋಬರ್ ಮಧ್ಯದವರೆಗೆ ಸುಮ್ನೆ ಕೂತಿದ್ದೆ. ಕೆನಡಾದಲ್ಲಿ ಸೌದೆ ಅಂದರೆ ಹಾಲಿನ ಪ್ಯಾಕೆಟ್ಟಿನ ಥರ, ಬೇಕಾದಾಗ ತರಿಸಿಕೊಂಡರಾಯಿತು ಅನ್ನುವ ಭ್ರಮೆ. ಅಂಗಡಿಯೊಂದರ ಬೋರ್ಡಿನಲ್ಲಿ ಚೀಟಿ ಅಂಟಿಸಿದ್ದರು. ಆ ನಂಬರಿಗೆ ಫೋನ್ ಮಾಡಿ ಎರಡು ಕಾರ್ಡ್ ಬೇಕು ಅಂದೆ.

ಕಾರ್ಡ್ ಅಂದರೆ ಸೌದೆಯ ಅಳತೆ. ಫುಲ್ ಕಾರ್ಡ್ ಅಂದರೆ ನಾಲ್ಕಡಿ ಎತ್ತರ, ನಾಲ್ಕಡಿ ಅಗಲ, ಎಂಟಡಿ ಉದ್ದದ ಒಟ್ಟಿಲು, ಒಟ್ಟು 128 ಘನ ಅಡಿ. ಫೇಸ್ ಕಾರ್ಡ್ ಅಂತ ಇನ್ನೊಂದಿದೆ. ಅದಕ್ಕೂ ಎತ್ತರ ನಾಲ್ಕಡಿ, ಉದ್ದ ಎಂಟಡಿ, ಆದರೆ ಅಗಲ ಒಂದೇ ತುಂಡಿನಷ್ಟು, ಸುಮಾರು 16 ಇಂಚು. ಅಂದರೆ ಮೂರರಲ್ಲಿ ಒಂದು ಪಾಲು. ಮುಂದಿನಿಂದ ನೋಡಿದರೆ ಎರಡೂ ಒಂದೇ! ನಾನು ಫುಲ್ ಕಾರ್ಡಿನ ದುಡ್ಡು ಕೊಟ್ಟು ಫೇಸ್ ಕಾರ್ಡ್ ಇಳಿಸಿಕೊಂಡೆ. ಅವನು ಟೋಪಿ ಹಾಕಿದ ಅಂತ ಎಷ್ಟೋ ದಿನ ಬೈದುಕೊಂಡೆ. "ಯಾವ ಕಾರ್ಡು?" ಅಂತ ನಾನೂ ಕೇಳಿರಲಿಲ್ಲ, ಅದೂ ನಿಜ.

ಅದಕ್ಕಿಂತ ದೊಡ್ಡ ಪೆಟ್ಟು ಒಲೆ ಹಚ್ಚಿದಾಗ ಬಿತ್ತು. ಬಂದಿದ್ದು ಹಸಿ ಮೇಪಲ್. ಒಲೆಗಿಟ್ಟರೆ ಸುಂಯ್ ಅನ್ನುತ್ತಿತ್ತು, ತುಂಡಿನ ತುದಿಯಲ್ಲಿ ನೊರೆ ನೊರೆಯಾಗಿ ನೀರು. ಗಾಜಿನ ಬಾಗಿಲು ಒಂದೇ ದಿನಕ್ಕೆ ಕರಿ. ಮನೆ ಮಾತ್ರ ಬೆಚ್ಚಗಾಗಲಿಲ್ಲ. ನಮ್ಮ ಹೊಸ ಒಲೆ ತೋರಿಸೋಣ ಅಂತ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ಅಮ್ಮ ಎರಡು ಸೆಕೆಂಡು ನೋಡಿದಳು ಅಷ್ಟೆ. "ಅಯ್ಯೋ ಮಾರಾಯ್ತಿ, ಹಸಿ ಸೌದೆ ಅಲ್ವೇನೇ ಅದು? ನೀನು ನನ್ನ ಮಗಳೇ ಹೌದೇನೇ?" ಅಂದಳು.

ಹಸಿ ಸೌದೆಯ ಹೊಗೆ ಚಿಮಣಿಯೊಳಗೆ ಡಾಂಬರಿನ ಹಾಗೆ ಅಂಟಿಕೊಳ್ಳುತ್ತೆ. ಕ್ರಿಯೋಸೋಟ್ ಅಂತಾರೆ. ಅದಕ್ಕೆ ಬೆಂಕಿ ಹತ್ತಿದರೆ ಮನೆ ಹೋಯಿತು. ಮಾರ್ಚಿನಲ್ಲಿ ಚಿಮಣಿ ಗುಡಿಸಲು ಬಂದವನು ಬಕೆಟ್ ತುಂಬಾ ಕರಿ ಕೆಳಗಿಳಿಸಿ, ನನ್ನ ಮುಖ ನೋಡಿ, ಏನೂ ಹೇಳದೆ ಹೋದ. ಬೈದಿದ್ದರೇ ಚೆನ್ನಾಗಿತ್ತು.

ಹಾಗಾಗಿ: ಈ ಚಳಿಯ ಸೌದೆಯನ್ನು ಹೋದ ವಸಂತದಲ್ಲೇ ಸೀಳಿ ಒಟ್ಟಿರಬೇಕು. ಮೇಪಲ್ಲಿಗೆ ಒಂದು ವರ್ಷ, ಓಕ್ ಆದರೆ ಎರಡು. ತೇವ ನೋಡುವ ಪುಟ್ಟ ಮೀಟರ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತೆ. ತುಂಡನ್ನು ಸೀಳಿ, ಒಳಗಿನ ಹೊಸ ಮುಖಕ್ಕೆ ಚುಚ್ಚಿ ನೋಡಿ. ಶೇಕಡಾ 20ಕ್ಕಿಂತ ಕಮ್ಮಿ ಇದ್ದರೆ ಉರಿಸಬಹುದು. ಮೀಟರ್ ಇಲ್ಲದಿದ್ದರೆ ಎರಡು ತುಂಡು ಕುಟ್ಟಿ ಕೇಳಿ, ಒಣಗಿದ್ದು ಟಣ್ ಅನ್ನುತ್ತೆ, ಹಸಿಯದ್ದು ದಬ್ ಅನ್ನುತ್ತೆ. ಪಕ್ಕದ ಜಮೀನಿನ ಅಜ್ಜ ಇದನ್ನು ನನಗೆ ದೊಡ್ಡ ಗುಟ್ಟು ಹೇಳಿಕೊಟ್ಟ ಹಾಗೆ ಹೇಳಿಕೊಟ್ಟರು. ನಮ್ಮಮ್ಮನೂ ಹಾಗೇ ಕುಟ್ಟಿ ನೋಡುತ್ತಿದ್ದಳು ಅಂತ ಆಗ ನೆನಪಾಯಿತು. ನೆಲಕ್ಕೆ ತಾಗದ ಹಾಗೆ ಹಳೇ ಪ್ಯಾಲೆಟ್ ಮೇಲೆ ಒಟ್ಟಿ, ಪ್ಯಾಲೆಟ್ ಪುಕ್ಕಟೆ ಸಿಗುತ್ತೆ. ಟಾರ್ಪಾಲನ್ನು ಮೇಲೆ ಮಾತ್ರ ಹಾಕಿ, ಪಕ್ಕಕ್ಕೆ ಗಾಳಿ ಆಡಲಿ. ನಾನು ಎರಡನೇ ವರ್ಷ ಸುತ್ತಲೂ ಸೀರೆ ಉಡಿಸಿದ ಹಾಗೆ ಟಾರ್ಪಾಲ್ ಸುತ್ತಿದ್ದೆ. ಒಳಗೆಲ್ಲ ಬೂಸು ಬಂತು.

ನಿಮ್ಮ ಜಾಗದಲ್ಲಿ ಒಣಗಿ ನಿಂತ ಆ್ಯಶ್ ಮರ ಇರಬಹುದು. ಎಮರಾಲ್ಡ್ ಆ್ಯಶ್ ಬೋರರ್ ಅನ್ನುವ ಹಸಿರು ಹುಳ 2002ರಲ್ಲಿ ಮಿಶಿಗನ್ ಮತ್ತು ವಿಂಡ್ಸರ್ ಕಡೆ ಕಾಣಿಸಿಕೊಂಡಿತು, ಅಲ್ಲಿಂದ ಈ ಕಡೆಯ ಆ್ಯಶ್ ಮರಗಳನ್ನೆಲ್ಲ ತಿಂದುಕೊಂಡು ಬಂತು. ಆ ಸೌದೆ ಬೇಗ ಒಣಗುತ್ತೆ, ಚೆನ್ನಾಗಿ ಉರಿಯುತ್ತೆ. ಆದರೆ ಸತ್ತ ಆ್ಯಶ್ ತುಂಬಾ ಪೆಡಸು, ಕಡಿಯುವಾಗ ಕೊಂಬೆ ಮುರಿದು ತಲೆ ಮೇಲೆ ಬೀಳುತ್ತೆ. ಗೊತ್ತಿರುವವರನ್ನು ಕರೆಯಿರಿ. ಅಗ್ಗಕ್ಕೆ ಸಿಗುತ್ತೆ ಅಂತ ದೂರದಿಂದ ಸೌದೆ ತರಬೇಡಿ, ಹುಳ ಊರಿಂದ ಊರಿಗೆ ಬರುವುದೇ ಹಾಗೆ.

ಕಾಗದ ಪತ್ರ ಒಂದೇ ಸಾಲಿನಲ್ಲಿ: ಇನ್ಶೂರೆನ್ಸಿನವರು ಸೌದೆ ಒಲೆಗೆ ವೆಟ್ (WETT) ರಿಪೋರ್ಟ್, ಅಂದರೆ ಒಲೆ, ಚಿಮಣಿ ಪರೀಕ್ಷೆ ಮಾಡಿಸಿದ ವರದಿ ಕೇಳುತ್ತಾರೆ, ಕರೆಂಟ್ ಬಿಲ್ಲಿಗೆ ಓಇಎಸ್‌ಪಿ ಅನ್ನುವ ಸಹಾಯ ಇದೆ, ವರಮಾನ ಕಮ್ಮಿ ಇದ್ದರೆ ಇವತ್ತೇ ಅರ್ಜಿ ಹಾಕಿ.

ಇನ್ನು ಕೋಳಿ. ನಮ್ಮ ಒಂಟಾರಿಯೋ ಪ್ರಾಂತ್ಯದಲ್ಲಿ ಕೋಟಾ ಅನ್ನುವ ಪರವಾನಗಿ ಇಲ್ಲದೆ 99 ಮೊಟ್ಟೆ ಕೋಳಿ ಸಾಕಬಹುದು. ನಾವು ಸಾಕಿದ್ದು ಹದಿನಾಲ್ಕು. ಪಾಪ, ಚಳಿಯಾಗುತ್ತೆ ಅಂತ ಗೂಡಿನ ಸಂದಿಗೊಂದಿಗೆಲ್ಲ ಪ್ಲಾಸ್ಟಿಕ್ ಹೊಡೆದೆ. ಹೊರಗೆ ಮೈನಸ್ 25, ಒಳಗೆ ಬಚ್ಚಲಮನೆಯಂಥ ಆವಿ. ಜನವರಿಯಲ್ಲಿ ಎರಡು ಕೋಳಿಯ ಜುಟ್ಟಿನ ತುದಿ ಕಪ್ಪಾಗಿ ಉದುರಿತು. ಕೋಳಿ ಚಳಿ ತಡೆಯುತ್ತೆ, ತೇವ ತಡೆಯುವುದಿಲ್ಲ. ಅವು ಕೂರುವ ಗಳುವಿಗಿಂತ ಮೇಲೆ ಗಾಳಿಗಂಡಿ ಬಿಡಬೇಕು. ಶಾಖದ ಬಲ್ಬನ್ನಂತೂ ಹಾಕಲೇಬೇಡಿ. ನಮ್ಮದು ಒಂದು ರಾತ್ರಿ ಕಳಚಿ ಬಿತ್ತು, ಅದೃಷ್ಟಕ್ಕೆ ನೀರಿನ ತೊಟ್ಟಿಗೆ ಬಿತ್ತು. ಅರ್ಧ ಅಡಿ ಆಚೆ ಬಿದ್ದಿದ್ದರೆ ಒಣ ಹುಲ್ಲು. ಇನ್ನು ಕೋಳಿ ಕೊಳ್ಳುವವರಿದ್ದರೆ ಶಾಂಟೆಕ್ಲೇರ್ ತಳಿ ಸಿಗುತ್ತಾ ನೋಡಿ. ಕ್ವಿಬೆಕ್ಕಿನ ಓಕಾ ಮಠದ ಸನ್ಯಾಸಿಯೊಬ್ಬರು ಈ ಚಳಿಗೆಂದೇ ಮಾಡಿದ ತಳಿ ಅದು. ಜುಟ್ಟು ಇದ್ದೂ ಇಲ್ಲದ ಹಾಗೆ.

ಕೋಳಿಗೂಡಿಗೆ ಹಾಸಲು ಮರದ ಹೊಟ್ಟು ಕೊಳ್ಳಲು ನಮ್ಮ ಹತ್ತಿರ ದುಡ್ಡಿರಲಿಲ್ಲ. ಅಕ್ಟೋಬರ್ ಕೊನೆಗೆ ಪೇಟೆಯಲ್ಲಿ ಜನ ಮನೆ ಮುಂದಿನ ಮೇಪಲ್ ಎಲೆ ಗುಡಿಸಿ, ದೊಡ್ಡ ಕಾಗದದ ಚೀಲಕ್ಕೆ ತುಂಬಿ ರಸ್ತೆ ಬದಿಗೆ ಇಡುತ್ತಾರೆ. ಒಂದು ಸಂಜೆ ಮಕ್ಕಳನ್ನು ಈಜಿನ ಕ್ಲಾಸಿನಿಂದ ಕರೆದುಕೊಂಡು ಬರುವಾಗ ನೋಡಿದೆ. ಸಾಲು ಸಾಲು ಚೀಲ. ದರಗು! ನಮ್ಮೂರಲ್ಲಿ ಕೊಟ್ಟಿಗೆಗೆ ಹಾಸಲು ಕಾಡಿಗೆ ಹೋಗಿ ಗುಡಿಸಿ ತರುತ್ತಿದ್ದ ದರಗು, ಇಲ್ಲಿ ಗುಡಿಸಿ, ತುಂಬಿ, ರಸ್ತೆ ಬದಿಗೆ ತಂದಿಟ್ಟಿದ್ದಾರೆ. ಗಾಡಿ ನಿಲ್ಲಿಸಿ ಒಂದು ಚೀಲ ಡಿಕ್ಕಿಗೆ ಹಾಕಿದೆ, ಎರಡು ಹಾಕಿದೆ, ಮೂರನೆಯದನ್ನು ಮಗನ ತೊಡೆ ಮೇಲಿಟ್ಟೆ. ಮಗಳಿಗೆ ಆಗ ಹನ್ನೊಂದು ವರ್ಷ. ಅವಳ ಕ್ಲಾಸಿನ ಹುಡುಗಿಯ ಮನೆ ಅದೇ ರಸ್ತೆಯಲ್ಲಿತ್ತಂತೆ. ಸೀಟಿನ ಕೆಳಗೆ ಬಗ್ಗಿ ಕೂತು "ಅಮ್ಮಾ, ಪ್ಲೀಸ್, ಹೋಗೋಣ" ಅಂತ ಅಳುಮೋರೆ ಮಾಡಿದಳು. ಅವಳಿಗೆ ಅದು ಕಂಡವರ ಕಸ. ಗಾಡಿಯೊಳಗೆಲ್ಲ ಒಣ ಎಲೆಯ ವಾಸನೆ ತುಂಬಿಕೊಂಡಿತ್ತು, ನನಗೆ ಯಾಕೋ ಗಂಟಲು ಕಟ್ಟಿತು. ಅದನ್ನು ಅವಳಿಗೆ ಹೇಗೆ ಹೇಳುವುದು? ಹೇಳಲಿಲ್ಲ. ಆ ಬೀದಿ ಬಿಟ್ಟು ಮುಂದಿನ ಬೀದಿಯಲ್ಲಿ ಇನ್ನೊಂದು ಚೀಲ ಹಾಕಿಕೊಂಡೆ.

ಈಗ ಪ್ರತಿವರ್ಷ ನಲವತ್ತು ಚೀಲ ತರುತ್ತೇವೆ. ಚೀಲ ಮುಟ್ಟುವ ಮುಂಚೆ ಬಾಗಿಲು ತಟ್ಟಿ ಕೇಳಿ, ಯಾರೂ ಬೇಡ ಅನ್ನುವುದಿಲ್ಲ. ಗೂಡಿನಲ್ಲಿ ಒಂದಡಿ ದಪ್ಪ ಹಾಸಿ, ಚಳಿಗಾಲವಿಡೀ ಮೇಲೆ ಮೇಲೆ ಸೇರಿಸುತ್ತಾ ಹೋಗಿ, ಕೋಳಿಗಳು ಕೆದಕುತ್ತಲೇ ಇರುತ್ತವೆ. ಮೇ ತಿಂಗಳಿಗೆ ಬಂಗಾರದಂಥ ಗೊಬ್ಬರ.

ನೀರಿನ ವಿಷಯ. ಬೋರ್‌ವೆಲ್ ಇರುವ ಮನೆಯಲ್ಲಿ ಕರೆಂಟ್ ಹೋದರೆ ನೀರೂ ಹೋಗುತ್ತೆ, ಇದು ನಮಗೆ ಗೊತ್ತಿರುವ ಸಂಗತಿಯೇ. ಆದರೂ ಪೇಟೆಯಲ್ಲಿ ನಾಲ್ಕು ವರ್ಷ ಇದ್ದು ಮರೆತಿದ್ದೆ. 1998ರ ಜನವರಿಯಲ್ಲಿ ಈ ಕಡೆ ಬಿದ್ದಲ್ಲೇ ಹೆಪ್ಪುಗಟ್ಟುವ ಮಳೆ ಸುರಿದು ಕಂಬಗಳೆಲ್ಲ ಮುರಿದುಬಿದ್ದಿದ್ದವು, ಕೆಲವು ಹಳ್ಳಿಗಳಿಗೆ ಮೂರು ವಾರಕ್ಕೂ ಮೇಲೆ ಕರೆಂಟ್ ಇರಲಿಲ್ಲ. ಇಲ್ಲಿಯ ಹಳಬರು ಇವತ್ತಿಗೂ ಆ ಮಾತೆತ್ತಿದರೆ ಒಂದು ಗಂಟೆ ನಿಲ್ಲಿಸುವುದಿಲ್ಲ. ಗಾಳಿಮಳೆಯ ಮುನ್ಸೂಚನೆ ಬಂದ ಕೂಡಲೇ ಇದ್ದಬದ್ದ ಪಾತ್ರೆ, ಬಕೆಟ್ಟಿಗೆಲ್ಲ ನೀರು ಹಿಡಿದಿಡಿ. ಪೈಪಿನಲ್ಲಿ ನೀರು ಹೆಪ್ಪುಗಟ್ಟದ ಹಾಗೆ ಹೊರಗೋಡೆ ಪಕ್ಕದ ಸಿಂಕಿನ ಕೆಳಗಿನ ಬಾಗಿಲು ರಾತ್ರಿ ತೆಗೆದಿಡಿ, ನಲ್ಲಿ ಸಣ್ಣಗೆ ಹನಿಯುತ್ತಿರಲಿ. ನಾನು ನೀರು ದಂಡ ಅಂತ ಬಿಗಿಯಾಗಿ ತಿರುಗಿಸಿದ್ದೆ. ಬೆಳಿಗ್ಗೆ ನಾಲ್ಕು ಗಂಟೆಗೆ ಸಿಂಕಿನ ಕೆಳಗೆ ಮಲಗಿಕೊಂಡು ಹೇರ್ ಡ್ರೈಯರ್ ಹಿಡಿದಿದ್ದೆ.

ಒಂದು ಮಾತು ಕಟ್ಟುನಿಟ್ಟಾಗಿ. ಕರೆಂಟ್ ಹೋಯಿತು ಅಂತ ಇದ್ದಿಲಿನ ಒಲೆಯನ್ನಾಗಲೀ ಜನರೇಟರನ್ನಾಗಲೀ ಒಳಗೆ ತರಬೇಡಿ. ಊರಲ್ಲಿ ಬಾಣಂತಿ ಕೋಣೆಯಲ್ಲಿ ಕೆಂಡ ಇಡುತ್ತಿದ್ದೆವಲ್ಲ ಅನ್ನಬೇಡಿ. ಆ ಮನೆಗಳ ಹೆಂಚಿನ ಸಂದಿಯಲ್ಲಿ ಆಕಾಶ ಕಾಣುತ್ತಿತ್ತು. ಈ ಮನೆಗಳು ಡಬ್ಬಿ ಇದ್ದ ಹಾಗೆ, ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಗಾಳಿ ವಾಸನೆಯೂ ಬರದೆ ನಿದ್ದೆಯಲ್ಲೇ ಕೊಲ್ಲುತ್ತೆ. ಅದರ ಅಲಾರಂ ಮಲಗುವ ಕೋಣೆಯ ಹತ್ತಿರ ಇರಲೇಬೇಕು.

ಬಟ್ಟೆ: ಮಕ್ಕಳ ಸ್ನೋ ಪ್ಯಾಂಟ್, ಬೂಟು ಎಲ್ಲ ಸೆಕೆಂಡ್ ಹ್ಯಾಂಡ್, ಸೆಪ್ಟೆಂಬರಿನಲ್ಲೇ. ನವೆಂಬರಿನಲ್ಲಿ ಹೋದರೆ ಖಾಲಿ ಹ್ಯಾಂಗರ್ ಸಿಗುತ್ತೆ. ಕಾರಿಗೆ ವಿಂಟರ್ ಟೈರ್ ಹಾಕಿಸಿ, ಅದರಲ್ಲಿ ಉಳಿತಾಯ ಬೇಡ.

ಅಡುಗೆಮನೆಯ ತಯಾರಿ ಮಾತ್ರ ನನಗೆ ಹಬ್ಬ. ನೆಲಮಾಳಿಗೆಯ ತಣ್ಣಗಿನ ಮೂಲೆಯಲ್ಲಿ ಕ್ಯಾರೆಟ್, ಬೀಟ್‌ರೂಟನ್ನು ಒದ್ದೆ ಮರಳಿನಲ್ಲಿ ಹೂತಿಟ್ಟರೆ ಮಾರ್ಚ್‌ವರೆಗೆ ಬರುತ್ತೆ. ಆಲೂಗಡ್ಡೆಯ ಪಕ್ಕ ಸೇಬು ಇಡಬೇಡಿ. ಸಿಹಿಗುಂಬಳ ಮತ್ತದರ ಜಾತಿಯವಕ್ಕೆ ಸ್ವಲ್ಪ ಬೆಚ್ಚಗಿನ ಒಣ ಜಾಗ ಬೇಕು, ನಮ್ಮನೆಯಲ್ಲಿ ಅವು ಮಂಚದ ಕೆಳಗೆ. ಊರಲ್ಲಿ ಬಣ್ಣದ ಸೌತೆಕಾಯಿಯನ್ನು ಬಾಳೆನಾರಿನಲ್ಲಿ ಕಟ್ಟಿ ಜಂತಿಗೆ ತೂಗುಹಾಕುತ್ತಿದ್ದರಲ್ಲ, ಅದೇ ಲೆಕ್ಕ. ಜುಲೈ ಬಿಸಿಲಿಗೆ ಸಂಡಿಗೆ, ಬಾಳಕದ ಮೆಣಸು ಮಾಡಿಕೊಳ್ಳಿ, ಬಿಸಿಲು ಧಾರಾಳ ಇದೆ. ಕರಿಬೇವಿನ ಗಿಡವನ್ನು ಸೆಪ್ಟೆಂಬರ್ ಶುರುವಿನಲ್ಲೇ ಒಳಗೆ ತನ್ನಿ. ಆದರೂ ಅದು ಸಾಯಬಹುದು. ನನ್ನದು ಮೂರು ಸತ್ತಿವೆ. ನಾಲ್ಕನೆಯದಕ್ಕೆ ಬೇಸಿಗೆಯಿಂದಲೇ ಮುದ್ದು ಮಾಡುತ್ತಿದ್ದೇನೆ.

ಡಿಸೆಂಬರಿನಲ್ಲಿ ನಾಲ್ಕೂ ಇಪ್ಪತ್ತಕ್ಕೆ ಸೂರ್ಯ ಮುಳುಗುತ್ತಾನೆ. ಅದಕ್ಕೆ ಯಾವ ತಯಾರಿಯೂ ಸಾಲದು. ಮೊದಲ ವರ್ಷ ರಾಜ್ಯೋತ್ಸವಕ್ಕೆ ಪೇಟೆಗೆ ಹೋಗಿ ಬರುವಾಗ ಸ್ನೋ ಹಿಡಿದು, ಹೆದರಿಕೊಂಡು, ಆಮೇಲೆ ಎರಡು ವರ್ಷ ಹೋಗಲೇ ಇಲ್ಲ. ಅದು ದೊಡ್ಡ ತಪ್ಪು. ಆ ಎರಡು ವರ್ಷದಲ್ಲಿ ಮಗ ನನಗೆ ಕನ್ನಡದಲ್ಲಿ ಉತ್ತರ ಕೊಡುವುದು ಬಿಟ್ಟ. ಕೇಳಿದರೆ ಅರ್ಥವಾಗುತ್ತೆ, ಬಾಯಿಗೆ ಬರುವುದಿಲ್ಲ. ಒಲೆಯ ಮುಂದೆ ಕೂತಾಗ ಮಾತ್ರ ಒಂದೊಂದು ಪದ ಹೊರಬರುತ್ತೆ: ಕೆಂಡ, ಬೂದಿ, ಕೊಳ್ಳಿ. ಅವಕ್ಕೆ ಇಂಗ್ಲಿಷ್ ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಕೆಂಡದಲ್ಲಿ ಆಲೂಗಡ್ಡೆ ಸುಡುತ್ತಾನೆ. ನಾವು ಹಲಸಿನ ಬೀಜ ಸುಡುತ್ತಿದ್ದೆವು ಅಂದರೆ "ಅದು ಹೇಗಿರುತ್ತೆ?" ಅಂತ ಕೇಳುತ್ತಾನೆ.

ಹೋದ ವರ್ಷ ಊರಿಗೆ ಹೋದಾಗ ತೋರಿಸೋಣ ಅಂದುಕೊಂಡೆ. ಬಚ್ಚಲ ಒಲೆ ತೆಗೆಸಿ ಸೋಲಾರ್ ಹಾಕಿಸಿದ್ದಾರೆ. ಅಮ್ಮನ ಮಂಡಿಗೆ ಒಳ್ಳೆಯದೇ ಆಯಿತು ಬಿಡಿ. ಸೌದೆ ಕೊಟ್ಟಿಗೆಯಲ್ಲಿ ಅಣ್ಣನ ಕಾರು ನಿಂತಿತ್ತು. ಆದರೂ ಅಮ್ಮ ಈಗಲೂ ಪ್ರತಿ ಸೆಪ್ಟೆಂಬರಿನಲ್ಲಿ ಫೋನ್ ಮಾಡಿದಾಗ ಮೊದಲು ಕೇಳುವುದು ಒಂದೇ, "ಸೌದೆ ಒಣಗಿದ್ಯಾ?" ಕೇಳಲು ಅವಳಿಗೆ ಬೇರೆ ಯಾರೂ ಉಳಿದಿಲ್ಲ.

ಮರೆತಿದ್ದೆ, ಬೂದಿ. ಮುಚ್ಚಳ ಇರುವ ತಗಡಿನ ಬಕೆಟ್ಟಿಗೆ ಹಾಕಿ, ಮನೆಯಿಂದ ದೂರ ಇಡಿ. ತಣ್ಣಗಾಗಿದೆ ಅನ್ನಿಸಿದರೂ ಒಳಗೆ ಕೆಂಡ ಎರಡು ಮೂರು ದಿನ ಇರುತ್ತೆ. ನಮ್ಮ ಜಗುಲಿಯ ಹಲಗೆಯ ಮೇಲೆ ದುಂಡಗೆ ಒಂದು ಸುಟ್ಟ ಗುರುತಿದೆ, ಬಂದಾಗ ನೋಡಿ. ತೇವದ ಮೀಟರ್ ನನ್ನ ಹತ್ತಿರ ಎರಡಿದೆ, ಒಂದನ್ನು ತಗೊಂಡು ಹೋಗಿ. ಏಪ್ರಿಲಿಗೆ ವಾಪಸ್ ಕೊಟ್ಟರೆ ಸಾಕು.