ರ‍್ಯಾಕ್‌ನ ಬೆನ್ನ ಕಡೆಯಿಂದ: ಮನೆಯಲ್ಲಿ ಗಿಟಾರ್ ಎಫೆಕ್ಟ್ಸ್ ರ‍್ಯಾಕ್ ಕಟ್ಟಿದ ಅನುಭವ

ಗಿಟಾರಿನ ಸ್ವರವನ್ನು ಬದಲಿಸುವ ಯಂತ್ರಗಳನ್ನು, ಅಂದರೆ ಎಫೆಕ್ಟ್‌ಗಳನ್ನು, ಒಂದರ ಮೇಲೊಂದು ಜೋಡಿಸಿದ ಪೆಟ್ಟಿಗೆಯೇ ಎಫೆಕ್ಟ್ಸ್ ರ‍್ಯಾಕ್. ಫೋಟೊ ತೆಗೆಯುವವರೆಲ್ಲ ಅದರ ಮುಂಭಾಗವನ್ನೇ ತೆಗೆಯುತ್ತಾರೆ. ಸಾಲಾಗಿ ನಿಂತ ಗುಂಡಿಗಳು, ಅಂಕಿ ತೋರಿಸುವ ಪುಟ್ಟ ಪರದೆ, ಕೆಂಪು ಹಸಿರು ದೀಪಗಳು ನೋಡಲು ಚೆನ್ನಾಗಿರುತ್ತವೆ, ನಿಜ. ಆದರೆ ನುಡಿಸಲು ಕುಳಿತಾಗ ಸ್ಪೀಕರ್‌ನಿಂದ ಸ್ವರ ಮಾತ್ರ ಬರುತ್ತದೆಯೋ, ಅದರ ಜೊತೆಗೆ ಗುಂಯ್ ಎನ್ನುವ ಸದ್ದೂ ಬರುತ್ತದೆಯೋ ಎಂಬುದು ತೀರ್ಮಾನವಾಗುವುದು ಹಿಂಭಾಗದಲ್ಲಿ, ಗೋಡೆಯ ಸಾಕೆಟ್ಟಿನಿಂದ ಕೊನೆಯ ಜ್ಯಾಕ್‌ವರೆಗಿನ ವೈರಿಂಗ್‌ನಲ್ಲಿ. ಬೆಂಗಳೂರಿನ ನಮ್ಮ ಹಳೆಯ ಮನೆಯ ಒಂದು ಕೋಣೆಯಲ್ಲಿ ರ‍್ಯಾಕ್ ಕಟ್ಟಲು ಹೊರಟಾಗ ನಾನು ಕೆಲಸದ ಕ್ರಮವನ್ನು ಇದೇ ಕಾರಣಕ್ಕೆ ಹಿಂದಿನಿಂದ ಮುಂದಕ್ಕೆ ಇಟ್ಟುಕೊಂಡೆ: ಮೊದಲು ಮನೆಯ ಕರೆಂಟು, ಆಮೇಲೆ ಕೇಬಲ್‌ಗಳ ದಾರಿ, ಅದಾದ ಮೇಲೆ ಪೆಟ್ಟಿಗೆ, ಕಟ್ಟಕಡೆಗೆ ಎಫೆಕ್ಟ್‌ಗಳ ಸೆಟ್ಟಿಂಗ್.

ನನ್ನಲ್ಲಿದ್ದ ಸಾಮಗ್ರಿ ಹೇಳಿಕೊಳ್ಳುವಂಥದ್ದೇನಲ್ಲ. ಎಫೆಕ್ಟ್ಸ್ ಲೂಪ್ (ಸೆಂಡ್ ಜ್ಯಾಕ್‌ನಿಂದ ಸಿಗ್ನಲ್ ಹೊರಬಂದು ರಿಟರ್ನ್ ಜ್ಯಾಕ್‌ನಿಂದ ಮತ್ತೆ ಒಳಗೆ ಹೋಗುವ ದಾರಿ) ಇರುವ ಒಂದು ವಾಲ್ವ್ ಆಂಪ್ಲಿಫೈಯರ್, ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ಯಮಾಹಾ ಎಸ್‌ಪಿಎಕ್ಸ್90 ಎಂಬ ಡಿಜಿಟಲ್ ಎಫೆಕ್ಟ್ ಯಂತ್ರ, ಅಷ್ಟೇ ಹಳೆಯದಾದ ಅಲೆಸಿಸ್ ಕ್ವಾಡ್ರಾವರ್ಬ್ ಎಂಬ ಅದೇ ಬಗೆಯ ಇನ್ನೊಂದು, ಸ್ವರವನ್ನು ಒರಟಾಗಿಸುವ ಫಝ್ ಮತ್ತು ಓವರ್‌ಡ್ರೈವ್, ಸ್ವರದ ಏರಿಳಿತವನ್ನು ಸಮಮಾಡುವ ಕಂಪ್ರೆಸರ್ ಪೆಡಲ್‌ಗಳು, ಮಿಡಿಯಿಂದ (ಸಂಗೀತ ಯಂತ್ರಗಳು ಒಂದಕ್ಕೊಂದು ಆದೇಶ ಕಳಿಸುವ ವ್ಯವಸ್ಥೆ) ನಡೆಯುವ ಒಂದು ಲೂಪ್ ಸ್ವಿಚರ್, ಮತ್ತು ಆ ಆದೇಶಗಳನ್ನು ಕಳಿಸಲು ಕಾಲಿನಿಂದ ಒತ್ತುವ ಬೆರಿಂಜರ್ ಎಫ್‌ಸಿಬಿ1010. ಎಸ್‌ಪಿಎಕ್ಸ್90 1980ರ ದಶಕದ ಯಂತ್ರ. ಅದು ಧ್ವನಿಯನ್ನು ಸೆಕೆಂಡಿಗೆ 31,250 ಬಾರಿ ಅಳೆಯುತ್ತದೆ, ಹಾಗಾಗಿ ಅದರ ಎಫೆಕ್ಟ್ 12 ಕಿಲೋಹರ್ಟ್ಸ್‌ಗಿಂತ ಮೇಲೆ ಹೋಗುವುದಿಲ್ಲ. ಇಂದಿನ ಲೆಕ್ಕದಲ್ಲಿ ಇದು ಕಡಿಮೆ ಎಂದು ಮೂಗು ಮುರಿಯುವವರಿದ್ದಾರೆ. ಆದರೆ ಗಿಟಾರ್ ಸ್ಪೀಕರ್ ಎಂಬುದೇ 5 ಕಿಲೋಹರ್ಟ್ಸ್ ದಾಟಿದ ಮೇಲೆ ಕಡಿದಾಗಿ ಇಳಿಯುವ ವಸ್ತು. ಸ್ಪೀಕರ್ ನುಡಿಸದ ಸ್ವರವನ್ನು ಯಂತ್ರ ಕೊಟ್ಟರೆಷ್ಟು, ಬಿಟ್ಟರೆಷ್ಟು.

ಮೊದಲ ಕೆಲಸ ಅರ್ಥಿಂಗ್ ಪರೀಕ್ಷೆ. ಕೋಣೆಯ ಸಾಕೆಟ್ಟಿನಲ್ಲಿ ಫೇಸ್‌ಗೂ ನ್ಯೂಟ್ರಲ್‌ಗೂ ನಡುವೆ 230 ವೋಲ್ಟ್‌ನ ಆಸುಪಾಸು ಇರಬೇಕು, ಫೇಸ್‌ಗೂ ಅರ್ಥ್‌ಗೂ ನಡುವೆ ಹೆಚ್ಚುಕಡಿಮೆ ಅಷ್ಟೇ ಇರಬೇಕು, ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಎರಡು ಮೂರು ವೋಲ್ಟ್ ಮೀರಬಾರದು. ನಮ್ಮಲ್ಲಿ ಈ ಮೂರನೆಯ ಅಂಕಿ 10 ದಾಟಿತ್ತು. ಬಹಳ ಕಾಲದಿಂದ ಮನೆಗೆ ಬರುವ ಎಲೆಕ್ಟ್ರಿಷಿಯನ್ ಮೀಟರನ್ನು ನೋಡಿ ನೇರವಾಗಿ ಹಿತ್ತಲಿಗೆ ನಡೆದು, ಕಲ್ಲು ಸರಿಸಿ, "ಸಾರ್, ಈ ಗುಂಡಿಗೆ ನೀರು ಬಿಟ್ಟು ಎಷ್ಟು ವರ್ಷ ಆಯ್ತು?" ಎಂದು ಕೇಳಿದರು. ಇದ್ದಿಲು, ಉಪ್ಪು ತುಂಬಿ ಜಿಐ ಪೈಪ್ ಹೂತ ಹಳೆಯ ಬಗೆಯ ಅರ್ಥಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗಿದರೆ ಮಣ್ಣಿನ ಅಡೆತಡೆ ಏರುತ್ತದೆ. ಗುಂಡಿಗೆ ನೀರು ಬಿಟ್ಟು, ತುಕ್ಕು ಹಿಡಿದ ಕ್ಲ್ಯಾಂಪ್ ಬದಲಿಸಿದ ಮೇಲೆ ಅಂಕಿ ಎರಡರೊಳಗೆ ಇಳಿಯಿತು. ಮೀಟರ್ ಬೋರ್ಡಿನಲ್ಲಿ, ಕರೆಂಟು ಸೋರಿದರೆ ತಾನಾಗಿ ಕಡಿದುಹಾಕುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿಯನ್ನೂ ಅವರಿಂದಲೇ ಹಾಕಿಸಿದೆ.

ಹಮ್, ಅಂದರೆ ಆ ಗುಂಯ್ ಸದ್ದು, ಹೋಗಲೆಂದು ಪ್ಲಗ್ಗಿನ ದಪ್ಪನೆಯ ಅರ್ಥ್ ಪಿನ್ ಕತ್ತರಿಸುವ ಅಥವಾ ಎರಡು ಪಿನ್ನಿನ ಅಡಾಪ್ಟರ್ ಹಾಕುವ ಅಭ್ಯಾಸ ನಮ್ಮ ಕಡೆ ಇನ್ನೂ ಇದೆ. ಗಿಟಾರ್‌ನ ತಂತಿಗಳು ಕೇಬಲ್ಲಿನ ಶೀಲ್ಡ್ (ನಡುವಿನ ವೈರಿನ ಸುತ್ತಲಿನ ಲೋಹದ ಎಳೆಗಳ ಹೊದಿಕೆ) ಮೂಲಕ ಆಂಪ್‌ನ ಲೋಹದ ಚೌಕಟ್ಟಿಗೆ, ಅಂದರೆ ಷಾಸಿಗೆ, ಸೇರಿರುತ್ತವೆ, ಅಂದರೆ ನುಡಿಸುವವನ ಬೆರಳುಗಳು ಸದಾ ಷಾಸಿಯ ಮೇಲೇ ಇದ್ದಂತೆ. 1972ರಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ ವೇದಿಕೆಯ ಮೇಲೆಯೇ ಅರ್ಥ್ ಇಲ್ಲದ ಮೈಕ್ ಮುಟ್ಟಿ ವಿದ್ಯುದಾಘಾತದಿಂದ ತೀರಿಕೊಂಡರು. ಹಮ್ ತೆಗೆಯಲು ಬೇರೆ ದಾರಿಗಳಿವೆ. ಅರ್ಥ್ ಪಿನ್ನಿನ ತಂಟೆಗೆ ಯಾರೂ ಹೋಗಬಾರದು ಎಂಬುದರಲ್ಲಿ ನನಗೆ ರಾಜಿಯಿಲ್ಲ.

ಅದೇ ಕೋಣೆಯಲ್ಲಿ ಇನ್ನೆರಡು ತಂಟೆಗಳಿದ್ದವು. ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಟ್ರಯಾಕ್ ಬಗೆಯದು. ಕರೆಂಟಿನ ಅಲೆಯನ್ನು ಕತ್ತರಿಸಿ ಕತ್ತರಿಸಿ ಕೊಡುವುದರಿಂದ ಗಿಟಾರಿನ ಸಿಂಗಲ್ ಕಾಯಿಲ್ ಪಿಕಪ್‌ನಲ್ಲಿ (ತಂತಿಯ ಕಂಪನವನ್ನು ಸಿಗ್ನಲ್ ಆಗಿಸುವ ಸುರುಳಿ) ಜರ್ರೆಂಬ ಸದ್ದು ಕೇಳಿಸುತ್ತಿತ್ತು. ಅದನ್ನು ತೆಗೆಸಿ ಕೆಪಾಸಿಟರ್ ಬಗೆಯ ಸ್ಟೆಪ್ ರೆಗ್ಯುಲೇಟರ್ ಹಾಕಿಸಿದೆ. ಕರೆಂಟು ಹೋದಾಗ ದೀಪ ಉರಿಸುವ ಇನ್ವರ್ಟರ್ ಸ್ಕ್ವೇರ್ ವೇವ್ ಆದದ್ದರಿಂದ ಈ ಸಾಕೆಟ್ಟನ್ನು ಅದರ ಲೈನಿನಿಂದಲೇ ಬೇರ್ಪಡಿಸಿದೆ. ಕರೆಂಟು ಹೋದರೆ ಅಭ್ಯಾಸ ಅಕೌಸ್ಟಿಕ್ ಗಿಟಾರಿನಲ್ಲಿ.

ಇನ್ನು ಸಿಗ್ನಲ್‌ನ ದಾರಿ. ಪ್ರತಿ ಎಫೆಕ್ಟನ್ನೂ ಅದರದೇ ಲೂಪ್‌ನಲ್ಲಿಟ್ಟು, ಬೇಕಾದದ್ದನ್ನು ಮಾತ್ರ ದಾರಿಗೆ ಸೇರಿಸುವ ಪದ್ಧತಿಯನ್ನು 1980ರ ದಶಕದಲ್ಲಿ ಲಾಸ್ ಏಂಜಲೀಸ್‌ನ ಬಾಬ್ ಬ್ರ್ಯಾಡ್‌ಶಾ ಅವರು ಕಟ್ಟಿಕೊಟ್ಟ ರ‍್ಯಾಕ್‌ಗಳು ಜನಪ್ರಿಯಗೊಳಿಸಿದವು, ನನ್ನ ಪುಟ್ಟ ಸ್ವಿಚರ್ ಮಾಡುವುದೂ ಅದನ್ನೇ. ವೈರ್ ಮುಟ್ಟುವ ಮೊದಲು ಎ3 ಹಾಳೆಯ ಮೇಲೆ ಇಡೀ ದಾರಿಯನ್ನು ಬರೆದುಕೊಂಡೆ. ಗಿಟಾರ್ ಮೊದಲು ಫಝ್‌ಗೆ ಹೋಗುತ್ತದೆ, ಏಕೆಂದರೆ ಹಳೆಯ ಮಾದರಿಯ ಫಝ್ ಪಿಕಪ್‌ಗೆ ನೇರವಾಗಿ ಸೇರಿದಾಗಲೇ ಸರಿಯಾಗಿ ನುಡಿಯುತ್ತದೆ ಮತ್ತು ಗಿಟಾರಿನ ವಾಲ್ಯೂಮ್ ಇಳಿಸಿದಾಗ ಸ್ವಚ್ಛವಾಗುತ್ತದೆ. ಫಝ್ ಆದ ಕೂಡಲೇ ಬಫರ್, ಅಂದರೆ ಉದ್ದ ಕೇಬಲ್ಲಿನ ಹೊರೆ ಪಿಕಪ್‌ಗೆ ತಾಗದಂತೆ ತಡೆಯುವ ಸರ್ಕ್ಯೂಟ್. ಸಾಮಾನ್ಯ ಗಿಟಾರ್ ಕೇಬಲ್ಲಿನಲ್ಲಿ ಮೀಟರಿಗೆ 100 ಪಿಕೋಫ್ಯಾರಡ್‌ನಷ್ಟು ಕೆಪಾಸಿಟೆನ್ಸ್ ಇರುತ್ತದೆ. ಗಿಟಾರಿನಿಂದ ರ‍್ಯಾಕ್‌ಗೆ, ರ‍್ಯಾಕ್‌ನೊಳಗೆ, ಅಲ್ಲಿಂದ ಆಂಪ್‌ಗೆ ಎಂದು ಕೂಡಿಸುತ್ತ ಹೋದರೆ 12-13 ಮೀಟರ್ ಸುಲಭವಾಗಿ ಆಗುತ್ತದೆ, ಅಷ್ಟರಲ್ಲಿ ಪಿಕಪ್‌ನ ಮೇಲಿನ ಸ್ವರಗಳು ಮಂಕಾಗಿಬಿಡುತ್ತವೆ. ಬಫರ್‌ನ ನಂತರ ಉದ್ದದ ಚಿಂತೆ ಇಲ್ಲ. ಕಂಪ್ರೆಸರ್, ಓವರ್‌ಡ್ರೈವ್ ದಾಟಿದ ಸಿಗ್ನಲ್ ಆಂಪ್‌ನ ಇನ್‌ಪುಟ್‌ಗೆ ಹೋಗುತ್ತದೆ; ಆಂಪ್‌ನ ಸೆಂಡ್‌ನಿಂದ ಮತ್ತೆ ರ‍್ಯಾಕ್‌ಗೆ ಬಂದು ಎಸ್‌ಪಿಎಕ್ಸ್90, ಕ್ವಾಡ್ರಾವರ್ಬ್ ಹಾದು ರಿಟರ್ನ್‌ಗೆ ಸೇರುತ್ತದೆ. ನಮ್ಮ ಆಂಪ್‌ನ ಲೂಪ್‌ನಲ್ಲಿ ಸಿಗ್ನಲ್ ಸಣ್ಣದಾದ್ದರಿಂದ ಎಸ್‌ಪಿಎಕ್ಸ್90ರ ಹಿಂದಿನ, ಸಿಗ್ನಲ್ ಮಟ್ಟ ಆರಿಸುವ ಸ್ವಿಚ್ಚನ್ನು +4 ಡೆಸಿಬೆಲ್‌ನ ಬದಲು -20ಕ್ಕೆ ಇಟ್ಟೆ.

ಪೆಟ್ಟಿಗೆಯನ್ನು ಬಡಗಿಯಿಂದ 18 ಮಿ.ಮೀ. ಪ್ಲೈವುಡ್‌ನಲ್ಲಿ ಮಾಡಿಸಿದೆ. ರ‍್ಯಾಕ್‌ನ ಒಂದು ಯೂನಿಟ್ ಎಂದರೆ ಎತ್ತರದಲ್ಲಿ ಒಂದೂಮುಕ್ಕಾಲು ಇಂಚು, ಹಾಗಾಗಿ ಎಂಟು ಯೂನಿಟ್‌ಗೆ 14 ಇಂಚು. ಫಲಕದ ಅಗಲ 19 ಇಂಚು. ಪೆಡಲ್‌ಗಳು ಎರಡು ಯೂನಿಟ್‌ನ ಎಳೆಯುವ ಟ್ರೇಯಲ್ಲಿ ಮೇಲುಗಡೆ ಕುಳಿತವು, ಯಂತ್ರಗಳು ಕೆಳಗೆ. ಹಿಂದೆ ಬಾಗಿಲು ಬೇಡವೆಂದೆ, ಅಡಿಗೆ ಚಕ್ರ ಬೇಕೆಂದೆ. ಕೆಲಸಕ್ಕೆಲ್ಲ ಹಿಂಭಾಗವೇ ಬೇಕಾಗಿರುವಾಗ ಗೋಡೆಗೆ ಒತ್ತಿಟ್ಟ ರ‍್ಯಾಕ್‌ಗೆ ಯಾರೂ ಕೈ ಹಾಕುವುದಿಲ್ಲ.

ಹಿಂದಿನಿಂದ ನೋಡಿದರೆ ಎಡಗಡೆಯ ಕಂಬದುದ್ದಕ್ಕೆ ಕರೆಂಟಿನ ವೈರ್‌ಗಳು, ಬಲಗಡೆ ಆಡಿಯೊ ಕೇಬಲ್‌ಗಳು. ಎರಡೂ ಜೊತೆಯಾಗಿ ಸಾಗುವಂತಿಲ್ಲ. ದಾಟಲೇಬೇಕಾದ ಕಡೆ ಅಡ್ಡಲಾಗಿ, ಮೂಲೆಮಟ್ಟದಲ್ಲಿ ದಾಟಬೇಕು. ಪೆಡಲ್‌ಗಳಿಗೆ ಪ್ರತಿ ಔಟ್‌ಪುಟ್ಟೂ ಪ್ರತ್ಯೇಕವಾಗಿರುವ ಐಸೊಲೇಟೆಡ್ ಸಪ್ಲೈ ಕೊಟ್ಟೆ. ಒಂದೇ ಅಡಾಪ್ಟರಿನಿಂದ ಕವಲೊಡೆಸಿದರೆ ಡಿಜಿಟಲ್ ಪೆಡಲ್‌ನ ಕೀರಲು ಸದ್ದು ಫಝ್‌ನೊಳಗೆ ಬಂದು ಕೂರುತ್ತದೆ. ಕ್ವಾಡ್ರಾವರ್ಬ್‌ಗೆ ಬೇಕಾದದ್ದು 9 ವೋಲ್ಟ್ ಎಸಿ, ಪೆಡಲ್‌ಗಳಿಗೆ ಬೇಕಾದದ್ದು ನಡುವೆ ನೆಗೆಟಿವ್ ಇರುವ 9 ವೋಲ್ಟ್ ಡಿಸಿ. ಕತ್ತಲಲ್ಲಿ ಎರಡೂ ಅಡಾಪ್ಟರ್‌ಗಳು ಒಂದೇ ಥರ ಕಾಣುವುದರಿಂದ ಎಸಿಯದಕ್ಕೆ ಪಿನ್ನಿನ ಬುಡದಲ್ಲೇ ಕೆಂಪು ಟೇಪ್ ಸುತ್ತಿದ್ದೇನೆ. ಆ ಎಸಿ ಅಡಾಪ್ಟರಿನ ಟ್ರಾನ್ಸ್‌ಫಾರ್ಮರ್‌ನಿಂದ ಫಝ್‌ಗೆ ಹಮ್ ತಾಗದಿರಲೆಂದು ಅದು ತಳದ ಎಡಮೂಲೆಯಲ್ಲಿದೆ, ಫಝ್ ಮೇಲಿನ ಬಲಮೂಲೆಯಲ್ಲಿದೆ. ಪೆಟ್ಟಿಗೆಯೊಳಗೆ ಅವೆರಡರ ನಡುವೆ ಇದಕ್ಕಿಂತ ಹೆಚ್ಚು ದೂರ ಸಿಗುವುದಿಲ್ಲ.

ಪ್ಯಾಚ್ ಕೇಬಲ್‌ಗಳನ್ನು ನಾನೇ ಕಟ್ಟಿದೆ. ಸಿದ್ಧ ಕೇಬಲ್‌ಗಳ ಉದ್ದ ನಮ್ಮ ಅಳತೆಗೆ ಎಂದೂ ಹೊಂದುವುದಿಲ್ಲ, ಉಳಿದ ಉದ್ದವೆಲ್ಲ ರ‍್ಯಾಕ್‌ನ ಹಿಂದೆ ಗೋಜಲಾಗುತ್ತದೆ. ಬೆಂಗಳೂರಿನ ಎಸ್‌.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಪಿ-38 ಎಂದು ಕೇಳಿದರೆ ಕೊಡುವ 6.35 ಮಿ.ಮೀ. ಮೊನೊ ಪ್ಲಗ್‌ಗಳಲ್ಲಿ ಹತ್ತಾರು ದರ್ಜೆಗಳಿವೆ. ಕೈಯಲ್ಲಿ ಹಿಡಿದು ತುದಿಯನ್ನು ಅಲ್ಲಾಡಿಸಿ, ಅಲುಗಾಡುವುದನ್ನು ಪಕ್ಕಕ್ಕಿಟ್ಟು, ಭಾರವಾಗಿರುವುದನ್ನು ಆರಿಸಿಕೊಂಡೆ. ಬೆಸುಗೆಗೆ 25 ವ್ಯಾಟ್‌ನ ಐರನ್ ಮತ್ತು 60/40 ಲೆಡ್ ಸಾಕು. ಮೊದಲು ಪ್ಲಗ್ಗಿನ ಮುಚ್ಚಳವನ್ನು ಕೇಬಲ್ಲಿಗೆ ಪೋಣಿಸಿಕೊಳ್ಳಬೇಕು, ಬೆಸೆದಾದ ಮೇಲೆ ಅದು ಒಳಗೆ ಹೋಗದು. ಹೊರಚರ್ಮವನ್ನು ಒಂದೂವರೆ ಸೆಂಟಿಮೀಟರ್ ಸುಲಿದು, ಶೀಲ್ಡ್‌ನ ಎಳೆಗಳನ್ನು ಒಂದು ಪಕ್ಕಕ್ಕೆ ಬಾಚಿ ಹುರಿ ಮಾಡಿದಾಗ ಒಳಗೆ ಬಿಳಿ ಇನ್ಸುಲೇಷನ್ನಿನ ಮೇಲೆ ತೆಳುವಾದ ಕಪ್ಪು ಪ್ಲಾಸ್ಟಿಕ್ ಪದರ ಕಾಣುತ್ತದೆ. ಗಿಟಾರ್ ಕೇಬಲ್ಲಿನಲ್ಲಿ ಈ ಕಪ್ಪು ಪದರ ಅರೆವಾಹಕ. ಕೇಬಲ್ ಬಳುಕಿದಾಗ ಬರುವ ಚಟಪಟ ಸದ್ದನ್ನು ತಡೆಯಲು ಹಾಕಿರುತ್ತಾರೆ. ಅದನ್ನು ಶೀಲ್ಡ್ ಇರುವಲ್ಲಿಯವರೆಗೂ ಉಗುರಿನಿಂದ ಹಿಂದಕ್ಕೆ ಸುಲಿಯದೆ ಬಿಟ್ಟು, ಅದರ ಅಂಚು ನಡುವಿನ ವೈರಿನ ಬೆಸುಗೆಗೆ ತಗಲಿದರೆ ಸಿಗ್ನಲ್ ಅಲ್ಲೇ ಶೀಲ್ಡ್‌ಗೆ ಸೋರುತ್ತದೆ. ಕೇಬಲ್ ಸತ್ತಿಲ್ಲ, ಆದರೆ ಧ್ವನಿ ಕುಗ್ಗಿದೆ ಎಂಬ ದೂರಿನ ಮೂಲ ಎಷ್ಟೋ ಬಾರಿ ಇದೇ. ಎರಡೂ ತುದಿಗೆ ತೆಳುವಾಗಿ ಲೆಡ್ ಹಚ್ಚಿಕೊಂಡು, ಪ್ಲಗ್ಗಿನ ಕಿವಿಯನ್ನು ಕಾಯಿಸಿ ಲೆಡ್ ತಾನಾಗಿ ಹರಿಯುವಂತೆ ಬೆಸೆದು, ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು, ಕೇಬಲ್ಲನ್ನು ಬಾಗಿಸುತ್ತ ಪರೀಕ್ಷಿಸಿದೆ.

ಪ್ರತಿ ಕೇಬಲ್ಲಿನ ಎರಡೂ ತುದಿಗಳಲ್ಲಿ ಒಂದೇ ಸಂಖ್ಯೆ ಬರೆದು ಪಾರದರ್ಶಕ ಹೀಟ್‌ಶ್ರಿಂಕ್ (ಬಿಸಿ ತಾಗಿದರೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿದ್ದೇನೆ, ಆ ಸಂಖ್ಯೆಗಳು ಎ3 ಹಾಳೆಯಲ್ಲಿಯೂ ಇವೆ. ಕಟ್ಟಲು ಬಳಸಿದ್ದು ವೆಲ್ಕ್ರೊ ಪಟ್ಟಿ. ನೈಲಾನ್ ಟೈ ಅಗ್ಗ, ಅಂದವೂ ಹೌದು; ಆದರೆ ಒಂದು ಕೇಬಲ್ ಬದಲಿಸಲು ಹತ್ತು ಟೈ ಕತ್ತರಿಸಬೇಕಾಗುತ್ತದೆ, ಕತ್ತರಿ ಎಲ್ಲಿ ತಗಲುತ್ತದೋ ಹೇಳಲಾಗದು. ಯಂತ್ರವನ್ನು ಮುಂದಕ್ಕೆ ಒಂದು ಗೇಣು ಎಳೆದರೂ ಪ್ಲಗ್ ಕಳಚದಷ್ಟು ಸಡಿಲವನ್ನು ಎಲ್ಲ ಕಡೆ ಬಿಟ್ಟಿದ್ದೇನೆ.

ಎಲ್ಲ ಜೋಡಿಸಿ ಆಂಪ್ ಹಾಕಿದಾಗ ತಗ್ಗಿದ ಗುಂಯ್‌ಕಾರ ಇತ್ತು, ಗಿಟಾರ್‌ಗೆ, ಆಂಪ್‌ನ ಇನ್‌ಪುಟ್‌ಗೆ, ಸೆಂಡ್‌ಗೆ, ರಿಟರ್ನ್‌ಗೆ ಒಂದೊಂದು ಕೇಬಲ್ ಇರುವ ಈ ನಾಲ್ಕು ಕೇಬಲ್‌ಗಳ ವಿಧಾನದಲ್ಲಿ ಇದು ನಿರೀಕ್ಷಿತವೇ. ಸದ್ದು ಯಾವ ಬಗೆಯದು ಎಂಬುದನ್ನು ಮೊದಲು ಕಿವಿಯಿಂದ ತಿಳಿಯಬೇಕು. ಗಿಟಾರ್ ಹಿಡಿದು ಸುತ್ತ ತಿರುಗಿದಾಗ ಸದ್ದು ಏರಿಳಿದರೆ ಅದು ಪಿಕಪ್ ಹಿಡಿಯುತ್ತಿರುವ ಕಾಂತಕ್ಷೇತ್ರ. 100 ಹರ್ಟ್ಸ್ ಮತ್ತು ಅದರ ಮೇಲಿನ ಒರಟು ಸದ್ದಾದರೆ ಪವರ್ ಸಪ್ಲೈ ಕಡೆ ನೋಡಬೇಕು. ನನ್ನದು ಗಿಟಾರ್ ಕಿತ್ತರೂ ಹೋಗದ, ಮೃದುವಾದ 50 ಹರ್ಟ್ಸ್, ಅಂದರೆ ಗ್ರೌಂಡ್ ಲೂಪ್. ಆಂಪ್‌ನ ಇನ್‌ಪುಟ್, ಸೆಂಡ್, ರಿಟರ್ನ್‌ಗಳಿಗೆ ಹೋಗುವ ಕೇಬಲ್‌ಗಳ ಶೀಲ್ಡ್‌ಗಳು ಆಂಪ್‌ನ ಷಾಸಿಯಲ್ಲಿ ಒಂದಾಗುತ್ತವೆ, ಇತ್ತ ರ‍್ಯಾಕ್‌ನ ಲೋಹದ ಪಟ್ಟಿಗಳಲ್ಲೂ ಒಂದಾಗುತ್ತವೆ. ಹೀಗೆ ಮುಚ್ಚಿಕೊಂಡ ಉಂಗುರದೊಳಗೆ ಸುತ್ತಲಿನ ಟ್ರಾನ್ಸ್‌ಫಾರ್ಮರ್‌ಗಳ ಕಾಂತಕ್ಷೇತ್ರ ಕರೆಂಟು ಹರಿಸುತ್ತದೆ. ಉಂಗುರದ ವಿಸ್ತಾರ ಕಡಿಮೆಯಾದಷ್ಟೂ ಹಮ್ ಕಡಿಮೆ ಎಂಬ ಕಾರಣಕ್ಕೆ ಆ ಕೇಬಲ್‌ಗಳನ್ನೆಲ್ಲ ಒಂದೇ ಕಂತೆಯಾಗಿ ಕಟ್ಟಿದೆ. ಅಷ್ಟರಿಂದಲೇ ಸದ್ದು ಕಿವಿಗೆ ಗೊತ್ತಾಗುವಷ್ಟು ಇಳಿಯಿತು. ಯಂತ್ರಗಳನ್ನು ಸ್ಕ್ರೂ ಹಾಕಿ ಕೂರಿಸುವ ಅಂಚಿನ ಕಿವಿಗೂ ರ‍್ಯಾಕ್‌ನ ಪಟ್ಟಿಗೂ ನಡುವೆ ಪ್ಲಾಸ್ಟಿಕ್ ವಾಷರ್ ಹಾಕಿದೆ. ಉಳಿದದ್ದನ್ನು ಸೆಂಡ್ ಮತ್ತು ರಿಟರ್ನ್ ದಾರಿಗಳಲ್ಲಿ ಒಂದೊಂದು 1:1 ಆಡಿಯೊ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ (ವೈರಿನ ನೇರ ಸಂಪರ್ಕವಿಲ್ಲದೆ ಸಿಗ್ನಲ್ ದಾಟಿಸುವ ಸಾಧನ) ಇಟ್ಟು ಮುಗಿಸಿದೆ. ಇಂಥ ಟ್ರಾನ್ಸ್‌ಫಾರ್ಮರನ್ನು ಗಿಟಾರಿಗೂ ಫಝ್‌ಗೂ ನಡುವೆ ಇಡಬಾರದು. ಪಿಕಪ್‌ಗೆ ಅದರ ಹೊರೆ ತಾಳದು.

ಮಿಡಿಯಲ್ಲಿ ಈ ಚಿಂತೆ ಹುಟ್ಟುವುದೇ ಇಲ್ಲ. 1983ರ ಆ ವ್ಯವಸ್ಥೆಯನ್ನು ರೂಪಿಸಿದವರು ಪ್ರತಿ ಮಿಡಿ ಇನ್‌ಪುಟ್‌ನಲ್ಲೂ ಬೆಳಕಿನ ಮೂಲಕ ಸಂಕೇತ ದಾಟಿಸುವ ಆಪ್ಟೊಐಸೊಲೇಟರ್ ಇಟ್ಟಿದ್ದಾರೆ. ಎಫ್‌ಸಿಬಿ1010ರ ಒಂದು ಗುಂಡಿ ಒಂದೇ ಒತ್ತಿಗೆ ಐದು ಪ್ರೋಗ್ರಾಮ್ ಚೇಂಜ್‌ಗಳನ್ನು (ಇಂತಿಷ್ಟನೆಯ ಸೆಟ್ಟಿಂಗ್‌ಗೆ ಹೋಗು ಎಂಬ ಆದೇಶಗಳನ್ನು) ಕಳಿಸಬಲ್ಲದು, ಹಾಗಾಗಿ ಸ್ವಿಚರ್ ಚಾನೆಲ್ 1ರಲ್ಲಿ, ಎಸ್‌ಪಿಎಕ್ಸ್90 ಚಾನೆಲ್ 2ರಲ್ಲಿ, ಕ್ವಾಡ್ರಾವರ್ಬ್ ಚಾನೆಲ್ 3ರಲ್ಲಿ. ಕೆಲವು ಯಂತ್ರಗಳು ಪ್ರೋಗ್ರಾಮ್‌ಗಳನ್ನು 0ಯಿಂದ 127ರವರೆಗೆ, ಕೆಲವು 1ರಿಂದ 128ರವರೆಗೆ ಎಣಿಸುವುದರಿಂದ ಒಂದರ ವ್ಯತ್ಯಾಸ ಬರುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ಅರ್ಧ ಗೊಂದಲ ತಪ್ಪುತ್ತದೆ.

ಈಗ ಉಳಿದಿರುವುದು ಉಪಚಾರ ಮಾತ್ರ. ಮಳೆಗಾಲಕ್ಕೆ ಮುಂಚೆ ಎಲ್ಲ ಪ್ಲಗ್‌ಗಳನ್ನು ಕಿತ್ತು ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಒರೆಸುತ್ತೇನೆ, ಟ್ರೇಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳನ್ನು ಇಡುತ್ತೇನೆ, ಅರ್ಥಿಂಗ್ ಗುಂಡಿಗೆ ನೀರು ಬಿಡುವುದು ಬೇಸಿಗೆಯ ಬಾಬತ್ತು. ಎಸ್‌ಪಿಎಕ್ಸ್90ರ ಮೊದಲ 30 ಸ್ಥಾನಗಳಲ್ಲಿರುವ ಸೆಟ್ಟಿಂಗ್‌ಗಳು ಕಂಪನಿಯವು, 31ರಿಂದ 90ರವರೆಗಿನವು ನಮ್ಮವು. ಆ ನಮ್ಮವು ಉಳಿದುಕೊಂಡಿರುವುದು ಒಳಗಿನ ಒಂದು ಲಿಥಿಯಂ ಸೆಲ್‌ನ ಬಲದಿಂದ. ಸೆಲ್ ಮುಗಿದ ದಿನ ಎಲ್ಲವೂ ಅಳಿಸಿಹೋಗುವುದರಿಂದ ಬಳಸುವ ಪ್ರತಿ ಸೆಟ್ಟಿಂಗ್‌ನ ಅಂಕಿಗಳನ್ನೂ ನೋಟ್‌ಪುಸ್ತಕದಲ್ಲಿ ಬರೆದು ಎ3 ಹಾಳೆಯ ಜೊತೆಗೆ ಟ್ರೇಯೊಳಗೇ ಇಟ್ಟಿದ್ದೇನೆ. ಸೆಲ್ ಬದಲಿಸುವಾಗ ಅದರ ಜಾಗದಲ್ಲಿ ಹೋಲ್ಡರ್ ಬೆಸೆದುಬಿಟ್ಟರೆ ಮುಂದಿನ ಸಲ ಐರನ್ ಕಾಯಿಸಬೇಕಾಗಿಲ್ಲ.