ಡಬ್ಬಿಗೆ ಕೈ ಹಾಕುವ ಮೊದಲು

ನಾನು ಹೊಟ್ಟೆ ಹಸಿದು ತಿನ್ನುತ್ತಿದ್ದದ್ದು ಕಡಿಮೆ. ಸ್ಕ್ಯಾನಿಂಗ್ ಮುಗಿಸಿ ಮನೆಗೆ ಬಂದರೆ ತಿನ್ನುತ್ತಿದ್ದೆ. ಮುಟ್ಟಾದ ದಿನ ತಿನ್ನುತ್ತಿದ್ದೆ. ಯಾರದೋ ಸೀಮಂತಕ್ಕೆ ಹೋಗಿ ಬಂದ ರಾತ್ರಿ, ಎಲ್ಲರೂ ಮಲಗಿದ ಮೇಲೆ, ಅಡುಗೆಮನೆಯ ಲೈಟ್ ಕೂಡ ಹಾಕದೆ ನಿಂತುಕೊಂಡೇ ತಿನ್ನುತ್ತಿದ್ದೆ. ಬೆಳಿಗ್ಗೆ ನೋಡಿದರೆ ನಿಪ್ಪಟ್ಟಿನ ಡಬ್ಬಿ ಅರ್ಧ ಖಾಲಿ. ಅತ್ತೆ ಏನೂ ಕೇಳುತ್ತಿರಲಿಲ್ಲ. ಕೇಳಿದ್ದರೇ ವಾಸಿ ಅನ್ನಿಸುತ್ತಿತ್ತು.

ನನಗೆ ಪಿಸಿಒಡಿ ಇದೆ, ಅಂದರೆ ಹಾರ್ಮೋನು ಏರುಪೇರಾಗಿ ಮುಟ್ಟು ತಪ್ಪುವ ತೊಂದರೆ. ಜೊತೆಗೆ ಥೈರಾಯ್ಡ್. ತುಮಕೂರಿನಲ್ಲಿ ಮನೆ, ಬ್ಯಾಂಕಿನಲ್ಲಿ ಕೆಲಸ. ಮಗುವಿಗಾಗಿ ಟ್ರೀಟ್‌ಮೆಂಟ್ ಶುರುವಾದಾಗ ಮೊದಲು ಕೇಳಿದ ಮಾತು "ತೂಕ ಇಳಿಸಿ". ಒಂದು ಡಯಟ್ ಚಾರ್ಟ್ ಕೈಗೆ ಬಂತು. ಅನ್ನ ಬೇಡ, ಸಕ್ಕರೆ ಬೇಡ, ಮೈದಾ ಬೇಡ, ಬೇಕರಿ ಕಡೆ ತಲೆ ಹಾಕಲೇಬೇಡಿ. ಸಂಜೆ ಆರರವರೆಗೆ ಅದನ್ನು ವ್ರತದ ಹಾಗೆ ಪಾಲಿಸುತ್ತಿದ್ದೆ. ಆಮೇಲೆ ಕಟ್ಟೆ ಒಡೆಯುತ್ತಿತ್ತು.

ಪಿಸಿಒಡಿ ಇರುವ ತುಂಬಾ ಜನರಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಅದಕ್ಕೆ ದೇಹ ಇನ್ನೂ ಜಾಸ್ತಿ ಇನ್ಸುಲಿನ್ ಬಿಡುತ್ತದೆ. ಅದರಿಂದ ಅಂಡಾಶಯದಲ್ಲಿ ಗಂಡು ಹಾರ್ಮೋನು ಹೆಚ್ಚುತ್ತದೆ, ಅಂಡಾಣು ಹೊತ್ತಿಗೆ ಸರಿಯಾಗಿ ಬಿಡುಗಡೆಯಾಗುವುದಿಲ್ಲ, ಮುಟ್ಟು ಮುಂದಕ್ಕೆ ಹೋಗುತ್ತದೆ. ಇಷ್ಟನ್ನು ಎಲ್ಲ ಡಾಕ್ಟರೂ ಹೇಳುತ್ತಾರೆ. ಇದರ ಜೊತೆ ಬೇಜಾರು, ಆತಂಕ, ಅಳತೆ ಮೀರಿ ತಿನ್ನುವುದು ಕೂಡ ಜಾಸ್ತಿ ಇರುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ. 2023ರಲ್ಲಿ ಬಂದ ಪಿಸಿಒಎಸ್ (ಪಿಸಿಒಡಿಗೇ ಇನ್ನೊಂದು ಹೆಸರು) ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಅದು ಸ್ಪಷ್ಟವಾಗಿ ಇದೆ. ಖಿನ್ನತೆ, ಆತಂಕ ಇದೆಯಾ ಅಂತ ಎಲ್ಲರನ್ನೂ ಪರೀಕ್ಷಿಸಬೇಕು, ತಿನ್ನುವ ತೊಂದರೆಗಳನ್ನೂ ಗಮನಿಸಬೇಕು ಅನ್ನುತ್ತದೆ. ಇಂಥದ್ದೇ ಡಯಟ್ ಉಳಿದವಕ್ಕಿಂತ ಮೇಲು ಅನ್ನುವುದಕ್ಕೆ ಆಧಾರ ಇಲ್ಲ ಅಂತಲೂ ಹೇಳುತ್ತದೆ. ಅದನ್ನು ತಿಳಿದ ಮೇಲೆ ಆ ಚಾರ್ಟ್ ಮೇಲಿದ್ದ ಭಯ ಅರ್ಧ ಇಳಿಯಿತು.

ಮೈಂಡ್‌ಫುಲ್ ಆಗಿ, ಅಂದರೆ ಪೂರ್ತಿ ಗಮನ ಕೊಟ್ಟು, ತಿನ್ನುವುದನ್ನು ಹೇಳಿಕೊಟ್ಟದ್ದು ಒಬ್ಬ ಕೌನ್ಸೆಲರ್ ಮೇಡಂ. ಶುರುವಾದದ್ದು ಒಂದೇ ಒಂದು ಒಣದ್ರಾಕ್ಷಿಯಿಂದ. ಅಂಗೈ ಮೇಲಿಟ್ಟು ನೋಡಿ, ಮೂಸಿ, ನಾಲಿಗೆ ಮೇಲಿಟ್ಟುಕೊಳ್ಳಿ, ಆಮೇಲೆ ನಿಧಾನಕ್ಕೆ ಅಗಿಯಿರಿ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬಾಟ್-ಜಿನ್ ಶುರು ಮಾಡಿದ ಮೈಂಡ್‌ಫುಲ್‌ನೆಸ್ ತರಬೇತಿಯಿಂದ ಈ ದ್ರಾಕ್ಷಿ ಪಾಠ ಎಲ್ಲ ಕಡೆ ಹಬ್ಬಿತು. ಮುಂದೆ ಜೀನ್ ಕ್ರಿಸ್ಟೆಲರ್ ಎಂಬ ಮನಶ್ಶಾಸ್ತ್ರಜ್ಞೆ ಮಿತಿಮೀರಿ ತಿನ್ನುವವರಿಗೆಂದೇ ಒಂದು ತರಬೇತಿ ರೂಪಿಸಿದರು. ಇದನ್ನೆಲ್ಲ ನಮ್ಮ ಹಿರಿಯರು ಎಂದೋ ಹೇಳಿದ್ದಾರೆ ಅಂತಾರೆ ನಮ್ಮ ಮಾವ. ಹೇಳುವಾಗ ಅವರ ಕೈ ತಟ್ಟೆಯಲ್ಲಿ, ಕಣ್ಣು ಟಿವಿಯಲ್ಲಿ.

ದ್ರಾಕ್ಷಿ ನನಗೆ ಹತ್ತಲಿಲ್ಲ. ದ್ರಾಕ್ಷಿಯನ್ನು ನಾನು ಯಾವತ್ತೂ ಕದ್ದು ತಿಂದವಳಲ್ಲ. "ಹಾಗಾದ್ರೆ ಕದ್ದು ತಿನ್ನೋದನ್ನೇ ತನ್ನಿ" ಅಂದರು ಮೇಡಂ. ಮುಂದಿನ ಸಲ ನಿಪ್ಪಟ್ಟು ಒಯ್ದೆ.

ಮುರಿದಾಗ ಟಕ್ ಅಂತು. ಅಂಚು ಕೆಂಪಗೆ ಗರಿಗರಿ, ಕಡ್ಲೆಬೀಜ ಸಿಕ್ಕಿದ ಕಡೆ ಸ್ವಲ್ಪ ದಪ್ಪ. ಮೊದಲು ಉಪ್ಪು ಗೊತ್ತಾಯಿತು, ಆಮೇಲೆ ಖಾರ, ಎಳ್ಳು ತೀರಾ ಕೊನೆಗೆ. ಎರಡನೆಯದರಲ್ಲೂ ಅದೇ ರುಚಿ, ಸ್ವಲ್ಪ ಕಡಿಮೆ. ಮೂರನೆಯದರಲ್ಲಿ ಎಣ್ಣೆ ಬಿಟ್ಟು ಏನೂ ಇರಲಿಲ್ಲ. ಆದರೂ ನಾಲ್ಕನೆಯದಕ್ಕೆ ಕೈ ಹೋಯಿತು. ನಾಲಿಗೆಗೆ ಸಾಕಾಗಿದೆ, ದವಡೆಗೆ ಮಾತ್ರ ಇನ್ನೂ ಕಟುಂ ಕುಟುಂ ಅನ್ನಿಸಬೇಕು.

"ಯಾರ ಮೇಲೆ ಸಿಟ್ಟು?" ಅಂದರು ಮೇಡಂ.

ಉತ್ತರ ನನ್ನ ಬಾಯಲ್ಲೇ ಇತ್ತು. ಹಿಂದಿನ ದಿನ ಗೃಹಪ್ರವೇಶದಲ್ಲಿ ಹತ್ತು ಜನರ ಮುಂದೆ "ಇನ್ನೂ ಏನೂ ವಿಶೇಷ ಇಲ್ವೇನಮ್ಮಾ?" ಅಂದಿದ್ದ ಚಿಕ್ಕತ್ತೆ ಮೇಲೆ.

ಅಲ್ಲಿಂದ ಮನೆಯಲ್ಲಿ ಎರಡೇ ಕೆಲಸ ಹಿಡಿದೆ. ಡಬ್ಬಿಯಿಂದ ನೇರ ಬಾಯಿಗೆ ಇಲ್ಲ, ತಟ್ಟೆಗೆ ಹಾಕಿಕೊಂಡು ಕೂತೇ ತಿನ್ನಬೇಕು. ಮುಚ್ಚಳ ತೆಗೆಯುವ ಮೊದಲು ಒಂದೆರಡು ಉಸಿರು ತಗೊಂಡು, ಇದು ಮೈಯಲ್ಲಿ ಎಲ್ಲಿ ಗೊತ್ತಾಗುತ್ತಿದೆ ಅಂತ ನೋಡಬೇಕು. ಹೊಟ್ಟೆಯಲ್ಲೋ, ಗಂಟಲಲ್ಲೋ, ಎದೆಯಲ್ಲೋ? ತಿನ್ನಬಾರದು ಅಂತ ಏನೂ ಇಲ್ಲ. ನೋಡಿ ತಿನ್ನಬೇಕು, ಅಷ್ಟೇ. ಅನ್ನಿಸಿದ್ದನ್ನು ಮೊಬೈಲ್‌ನಲ್ಲಿ ಒಂದು ಸಾಲು ಬರೆದಿಡುತ್ತಿದ್ದೆ.

ಆ ಸಾಲುಗಳನ್ನು ಒಟ್ಟಿಗೆ ಓದಿದಾಗ ನನಗೇ ಆಶ್ಚರ್ಯ. ಸಂಜೆ ಆರರ ತಿಂಡಿಪೋತತನ ಬಹಳ ದಿನ ಬೇಜಾರೇ ಅಲ್ಲ, ಶುದ್ಧ ಹಸಿವು. ಕೌಂಟರ್‌ನಲ್ಲಿ ರಶ್ ಅಂತ ಮಧ್ಯಾಹ್ನ ಎರಡು ಚಪಾತಿ ಗುಳುಂ ಮಾಡಿ ಏಳುತ್ತಿದ್ದೆ. ಅದು ಎಷ್ಟು ಹೊತ್ತು ತಾನೇ ತಡೆದೀತು? ಇನ್ನು ಇನ್ಸುಲಿನ್ ಸರಿಯಾಗಿ ಕೆಲಸ ಮಾಡಲಿ ಅಂತ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ತಗೊಂಡಾಗ ಹೊಟ್ಟೆ ತೊಳಸುವುದನ್ನು ನಾನು ಹಸಿವು ಅಂದುಕೊಂಡು ಬಿಸ್ಕೆಟ್ ತಿನ್ನುತ್ತಿದ್ದೆ. ಡಾಕ್ಟರಿಗೆ ಹೇಳಿದ ಮೇಲೆ ಮಾತ್ರೆ ಊಟದ ಜೊತೆಗೆ ಬಂತು, ನಿಧಾನವಾಗಿ ಕರಗುವ ನಮೂನೆಗೆ ಬದಲಾಯಿತು.

ಅತಿ ಕಷ್ಟದ ಕಾಲ ಅಂದರೆ ಅಂಡಾಣು ಬಿಡುಗಡೆಯಾದ ಮೇಲಿನ ಎರಡು ವಾರ. ಆಗ ಗರ್ಭ ನಿಲ್ಲಲು ನೆರವಾಗಲಿ ಅಂತ ಕೊಡುವ ಪ್ರೊಜೆಸ್ಟೆರಾನ್ ಹಾರ್ಮೋನಿನ ಮಾತ್ರೆಯಿಂದ ಹೊಟ್ಟೆ ಉಬ್ಬರಿಸುತ್ತದೆ, ಎದೆ ನೋಯುತ್ತದೆ. ಗರ್ಭ ನಿಂತಾಗಲೂ ಹಾಗೇ ಆಗುತ್ತದಲ್ಲ, ಹಾಗಾಗಿ ಮನಸ್ಸು ಸುಮ್ನೆ ಇರುವುದಿಲ್ಲ. ಮಾತ್ರೆ ಇಲ್ಲದಿದ್ದರೂ ಮುಟ್ಟಿಗೆ ಮುಂಚಿನ ದಿನಗಳಲ್ಲಿ ತುಂಬಾ ಹೆಂಗಸರಿಗೆ ಹಸಿವು ಜಾಸ್ತಿ. ಇದು ನನ್ನ ನಾಲಿಗೆ ಚಪಲ ಅಲ್ಲ ಅಂತ ಗೊತ್ತಾದ ಮೇಲೆ ಆ ದಿನಗಳಲ್ಲಿ ಒಂದು ಬಟ್ಟಲು ಹೆಸರುಕಾಳು ಉಸಲಿ ಹೆಚ್ಚಿಗೆ ಮಾಡಿಕೊಳ್ಳುತ್ತೇನೆ. ಬೈದುಕೊಳ್ಳುವುದಿಲ್ಲ.

ಮೈಂಡ್‌ಫುಲ್‌ನೆಸ್ ಹೇಳಿಕೊಡುವವರು ಒಂದು ವಿಷಯ ಮರೆಯುತ್ತಾರೆ. ಕಣ್ಣು ಮುಚ್ಚಿ ಕಾಲಿನಿಂದ ತಲೆಯವರೆಗೆ ಮೈಯ ಒಂದೊಂದೇ ಭಾಗ ಗಮನಿಸುವ ಅಭ್ಯಾಸ ಇದೆಯಲ್ಲ, ಅದು ನಮ್ಮಂಥವರಿಗೆ ಸುಲಭ ಅಲ್ಲ. ಫಾಲಿಕಲ್, ಅಂದರೆ ಅಂಡಾಣು ಇರುವ ಪುಟ್ಟ ಚೀಲ, ಬೆಳೆದಿದೆಯಾ ಅಂತ ದಿನ ಬಿಟ್ಟು ದಿನ ಒಳಗಿನಿಂದ ಸ್ಕ್ಯಾನ್ ಮಾಡಿಸಿಕೊಂಡ ಮೈ ಇದು. "ಈಗ ಕಿಬ್ಬೊಟ್ಟೆಯ ಕಡೆ ಗಮನ ತನ್ನಿ" ಅಂದಾಗ ನನಗೆ ಶಾಂತಿ ಬರಲಿಲ್ಲ, ಸ್ಕ್ಯಾನಿಂಗ್ ರೂಮಿನ ಎಸಿ ಚಳಿ, ಡಾಕ್ಟರ್ ಬಾಯಿಂದ ಬರುವ ಮಿಲಿಮೀಟರ್ ಲೆಕ್ಕ ನೆನಪಾಗಿ ಅಳು ಬಂತು. ಮೇಡಂ ಆ ಭಾಗವನ್ನೇ ಬಿಡಿಸಿದರು. ಕಣ್ಣು ತೆರೆದಿರಲಿ, ಪಾದ ನೆಲಕ್ಕೆ ತಾಗಿರಲಿ, ಅಂಗೈಗಳನ್ನಷ್ಟೇ ಗಮನಿಸಿ ಅಂದರು. ಇವತ್ತಿಗೂ ನಾನು ಹಾಗೇ ಮಾಡುತ್ತೇನೆ. ಯಾರಿಗಾದರೂ ಈ ಅಭ್ಯಾಸದಿಂದ ಸಂಕಟ ಹೆಚ್ಚಾದರೆ ಹಲ್ಲು ಕಚ್ಚಿ ಕೂರಬೇಕಾಗಿಲ್ಲ, ನಿಲ್ಲಿಸಿ.

ಮನೆಯವರದು ಇನ್ನೊಂದು ಕಥೆ. ಮುಟ್ಟಾಯಿತು ಅಂತ ಮೆಸೇಜ್ ಮಾಡಿದರೆ ಸಂಜೆ ಕೈಯಲ್ಲಿ ಹನಿ ಕೇಕ್ ಪೊಟ್ಟಣ ಹಿಡಿದು ಬರುತ್ತಿದ್ದರು. ಪಾಪ, ಅವರಿಗೆ ಗೊತ್ತಿದ್ದ ಸಮಾಧಾನ ಅದೊಂದೇ. ಒಂದು ಸಲ ಧೈರ್ಯ ಮಾಡಿ ಹೇಳಿದೆ, "ರೀ, ಇವತ್ತು ಏನೂ ತರ್ಬೇಡಿ. ಬೇಗ ಬನ್ನಿ, ಸಾಕು." ಬಂದರು. ಇಬ್ಬರೂ ಅಮಾನಿಕೆರೆ ಕಡೆ ನಡೆದು ಬಂದೆವು. ಹೆಚ್ಚು ಮಾತಾಡಲಿಲ್ಲ. ರಾತ್ರಿ ಊಟ ಸರಿಯಾಗಿ ಸೇರಿತು. ಹನಿ ಕೇಕ್ ಬಿಟ್ಟಿಲ್ಲ ಮತ್ತೆ. ಖುಷಿ ಇದ್ದ ದಿನ ತರಿಸಿಕೊಂಡು ತಿನ್ನುತ್ತೇನೆ, ಆಗ ಅರ್ಧಕ್ಕೇ ಸಾಕಾಗುತ್ತದೆ.

ಇದರಿಂದ ಮಗು ಆಗುತ್ತದೆ ಅಂತ ಮಾತ್ರ ದಯವಿಟ್ಟು ಯಾರಿಗೂ ಹೇಳಬೇಡಿ. "ಟೆನ್ಷನ್ ಬಿಡು, ತಾನೇ ಆಗುತ್ತೆ" ಅನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅಂಡಾಣು ಬಿಡುಗಡೆಯಾಗದವರಿಗೆ ಲೆಟ್ರೊಜೋಲ್‌ನಂಥ ಮಾತ್ರೆ ಬೇಕು, ಬರೀ ಉಸಿರಾಟ ಸಾಲದು. ನನ್ನ ತೂಕವೂ ಹೇಳಿಕೊಳ್ಳುವಷ್ಟು ಇಳಿದಿಲ್ಲ. ಕತ್ತಲಲ್ಲಿ ನಿಂತು ತಿನ್ನುವುದು ನಿಂತಿದೆ. ತಿಂದ ಮೇಲೆ ಬಾತ್‌ರೂಮಿನಲ್ಲಿ ಅಳುವುದೂ ಬಹುಪಾಲು ನಿಂತಿದೆ.

ಹತೋಟಿಯೇ ಇಲ್ಲದೆ ತಿನ್ನುವುದು ವಾರ ವಾರವೂ ಆಗುತ್ತಿದ್ದರೆ, ತಿಂದದ್ದನ್ನು ಬೇಕೆಂದೇ ವಾಂತಿ ಮಾಡುತ್ತಿದ್ದರೆ, ಅದು ನಿಪ್ಪಟ್ಟು ನಿಧಾನಕ್ಕೆ ತಿಂದು ಸರಿಹೋಗುವ ವಿಷಯ ಅಲ್ಲ. ಮನೋವೈದ್ಯರನ್ನು ನೋಡಲೇಬೇಕು. ಹೋಗಲು ಸಂಕೋಚ ಆದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಕಳೆದ ಸಲ ಡಯಟಿಷಿಯನ್ ಹತ್ತಿರ ಹೋದಾಗ ಮೊಬೈಲ್‌ನಲ್ಲಿದ್ದ ಆ ಸಾಲುಗಳನ್ನು ತೋರಿಸಿ, ಮಧ್ಯಾಹ್ನಕ್ಕೆ ಅನ್ನ ವಾಪಸ್ ಕೊಡಿ ಅಂತ ಕೇಳಿದೆ. ಓದಿ ನೋಡಿ ಒಪ್ಪಿದರು. ಈಗ ಡಬ್ಬಿಯಲ್ಲಿ ಒಂದು ಬಟ್ಟಲು ಅನ್ನ, ಸೊಪ್ಪಿನ ಹುಳಿ, ಪಲ್ಯ, ಒಂದು ಮೊಟ್ಟೆ. ಮ್ಯಾನೇಜರ್‌ಗೂ ಹೇಳಿಟ್ಟಿದ್ದೇನೆ, ಒಂದೂವರೆಯಿಂದ ಎರಡರವರೆಗೆ ನನ್ನನ್ನು ಯಾರೂ ಕೌಂಟರ್‌ಗೆ ಕರೆಯಬಾರದು ಅಂತ.