ಹೆದ್ದಾರಿಗೆ ಹೋದ 11 ಸೆಂಟ್ಸ್: ಪರಿಹಾರ ಏರಿಸಿಕೊಂಡ ನನ್ನ ಅನುಭವ

‘ಆರ್ಬಿಟ್ರೇಶನಿಗೆ ಹೋದರೆ ವಕೀಲರ ಫೀಸು ದಂಡ, ಒಂದು ಪೈಸೆ ಏರುವುದಿಲ್ಲ’ ಎಂದು ಕಾಸರಗೋಡಿನ ಮಂಜೇಶ್ವರ ತಾಲೂಕಿನಲ್ಲಿ ನನಗೆ ಹೇಳದವರಿಲ್ಲ. ಹೆದ್ದಾರಿಗೆ ಹೋದ ಜಾಗದ ಪರಿಹಾರ ಸಾಲದೆಂದು ಮಧ್ಯಸ್ಥಗಾರರ ಮುಂದೆ ಹೋಗುವುದೇ ಆರ್ಬಿಟ್ರೇಶನ್. ಏರಿದ ಹಣ ಈಗ ಖಾತೆಗೆ ಬಿದ್ದಿದೆ, ಅದಕ್ಕೇ ಬರೆಯುತ್ತಿದ್ದೇನೆ. 3ಎ, 3ಡಿ, 3ಜಿ ಎಂದರೇನೆಂದು ರಾಷ್ಟ್ರೀಯ ಹೆದ್ದಾರಿ 66ರ ಬದಿಯವರಿಗೆ ವಿವರಿಸಬೇಕಾಗಿಲ್ಲ. ಉಳಿದವರಿಗೆ: ಇವು ಹೆದ್ದಾರಿ ಕಾಯ್ದೆಯ ಸೆಕ್ಷನುಗಳು, 3ಎ ಎಂದರೆ ಜಾಗ ಬೇಕೆಂಬ ಮೊದಲ ಅಧಿಸೂಚನೆ, 3ಡಿ ಸ್ವಾಧೀನದ ಘೋಷಣೆ, 3ಜಿ ಪರಿಹಾರದ ನಿಗದಿ.

ಹೋದದ್ದು 11 ಸೆಂಟ್ಸ್, ಅಂದರೆ 4.45 ಆರ್ (ಒಂದು ಆರ್ ಎಂದರೆ 100 ಚದರ ಮೀಟರ್). ಅವಾರ್ಡಿನಲ್ಲಿ, ಅಂದರೆ ಅಧಿಕಾರಿ ಪರಿಹಾರ ನಿಗದಿ ಮಾಡಿದ ಆದೇಶದಲ್ಲಿ, ಒಂದು ಆರ್‌ಗೆ ಸುಮಾರು 3.8 ಲಕ್ಷ ಹಾಕಿದ್ದರು. ಕೊನೆಗೆ ನಿಂತದ್ದು 5.1 ಲಕ್ಷದ ಆಸುಪಾಸಿನಲ್ಲಿ. ಮೂಲಬೆಲೆಗೆ ಸೇರುವ ಪ್ರತಿ ರೂಪಾಯಿಗೂ ಅಷ್ಟೇ ಸೊಲೇಶಿಯಂ, ಅಂದರೆ ಬಲವಂತದ ಸ್ವಾಧೀನಕ್ಕೆ ಕೊಡುವ ಹೆಚ್ಚುವರಿ ಮೊತ್ತ, ಸೇರುತ್ತದೆ. ಹಾಗಾಗಿ ಗುಣಾಂಕ (ಮೂಲಬೆಲೆಯನ್ನು ಗುಣಿಸುವ ಅಂಕೆ) ಲೆಕ್ಕಕ್ಕೆ ಹಿಡಿಯದೆಯೇ ವ್ಯತ್ಯಾಸ ಹನ್ನೊಂದೂವರೆ ಲಕ್ಷ. 3ಎ ದಿನದಿಂದ ಅವಾರ್ಡಿನವರೆಗೆ ಮಾರುಕಟ್ಟೆ ಬೆಲೆಯ ಮೇಲೆ ವರ್ಷಕ್ಕೆ 12 ಶೇಕಡಾ ಬೇರೆ. ಮರ, ಕಟ್ಟಡದ ಬೆಲೆಗೂ ಸೊಲೇಶಿಯಂ ಉಂಟು. ಆದ್ದರಿಂದ ಹೋರಾಡಬೇಕಾದದ್ದು ಮೂಲಬೆಲೆಯ ಮೇಲೆ, ಉಳಿದದ್ದು ತಾನೇ ಹಿಂದೆ ಬರುತ್ತದೆ.

ನನ್ನ ಕೆಲಸವೆಲ್ಲ 2013ರ ಭೂಸ್ವಾಧೀನ ಕಾಯ್ದೆಯ 26ನೇ ಸೆಕ್ಷನ್ ಮೇಲೆ ನಿಂತಿತ್ತು. ಹಿಂದಿನ ಮೂರು ವರ್ಷಗಳಲ್ಲಿ ಹತ್ತಿರದ ಅದೇ ಬಗೆಯ ಜಾಗಕ್ಕೆ ಆದ ಕ್ರಯಪತ್ರಗಳನ್ನು ಬೆಲೆಯ ಕ್ರಮದಲ್ಲಿ ಜೋಡಿಸಿ, ಮೇಲಿನ ಅರ್ಧ ಮಾತ್ರ ತೆಗೆದು ಸರಾಸರಿ ಮಾಡಬೇಕು. 14 ಇದ್ದರೆ ಮೇಲಿನ 7. ಅವಾರ್ಡಿನ ಪಟ್ಟಿಯಲ್ಲಿ ಎಷ್ಟು ಪತ್ರ ಹಿಡಿದಿದ್ದಾರೆ, ಎಷ್ಟು ಬಿಟ್ಟಿದ್ದಾರೆ ಎಂಬುದೇ ಮೊದಲ ಪ್ರಶ್ನೆ. ನನ್ನದರಲ್ಲಿ ರಸ್ತೆ ಬದಿಯ ನಾಲ್ಕು ಪತ್ರಗಳು ಬಿಟ್ಟುಹೋಗಿ, ಒಳಗಿನ ಗುಡ್ಡೆ ಜಾಗದವು ಸೇರಿದ್ದವು. ಸಬ್ ರಿಜಿಸ್ಟ್ರಾರ್ ಆಫೀಸಿನಿಂದ ದೃಢೀಕೃತ ನಕಲು ತೆಗೆದು, ಪ್ರತಿ ಸರ್ವೆ ನಂಬರನ್ನೂ ವಿಲ್ಲೇಜು ನಕ್ಷೆಯ ಮೇಲೆ ಗುರುತಿಸಿ, ಹೆದ್ದಾರಿಯಿಂದ ಎಷ್ಟು ಮೀಟರ್ ದೂರ ಎಂದು ಬರೆದೆ. ಪತ್ರಗಳ ಕಟ್ಟಿಗಿಂತ ಆ ಒಂದು ನಕ್ಷೆಯೇ ಮಾತಾಡಿತು.

ಮೊದಲ ಸುತ್ತಿನಲ್ಲಿ ಸೋತದ್ದು ಹೀಗೆ. 3ಎ ಆದ ಮೇಲಿನ ಎರಡು ಕ್ರಯಪತ್ರ ಕೊಟ್ಟೆ, ತಳ್ಳಿಹಾಕಿದರು. ಹೆದ್ದಾರಿ ಬರುತ್ತದೆಂದೇ ಏರಿದ ಬೆಲೆ ಅದು ಎಂದರು, ವಾದ ಸರಿಯೇ. ಆಮೇಲೆ 3 ಸೆಂಟ್ಸಿನ ಮನೆ ಸೈಟುಗಳ ಬೆಲೆ ಹಿಡಿದು ಹೋದೆ. ಸಣ್ಣ ಜಾಗದ ದರವನ್ನು ದೊಡ್ಡ ಜಾಗಕ್ಕೆ ನೇರವಾಗಿ ಹಾಕಲು ಬಿಡುವುದಿಲ್ಲ, ಒಂದಂಶ ಕಡಿತ ಮಾಡುತ್ತಾರೆ. 8ರಿಂದ 15 ಸೆಂಟ್ಸಿನ ಪತ್ರಗಳನ್ನೇ ಹುಡುಕಿದಾಗ ಆ ಆಕ್ಷೇಪ ಬಿದ್ದುಹೋಯಿತು. ಯಾವ ಪತ್ರ ಮೊದಲು ಇಡಬೇಕು, ಯಾವುದನ್ನು ಮರುವಾದಕ್ಕೆ ಉಳಿಸಬೇಕು ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಅಳತೆಯಲ್ಲೂ ಪೆಟ್ಟು ಬಿತ್ತು. ಕಾಗದದಲ್ಲಿ 4.12 ಆರ್ ಎಂದಿತ್ತು, ಕಲ್ಲು ನೆಟ್ಟ ಗೆರೆ ಹಿಡಿದು ಅಳೆದರೆ 4.45. ಮುಕ್ಕಾಲು ಸೆಂಟಿಗಿಂತ ಹೆಚ್ಚು! ಗಡಿಕಲ್ಲು ಕಾಣುವಾಗಲೇ ಸರ್ವೆಯವರಿಂದ ಅಳತೆ ಮಾಡಿಸಿ ಸ್ಕೆಚ್ ತೆಗೆದಿಡಬೇಕು. ಮಣ್ಣು ತುಂಬಿದ ಮೇಲೆ ಏನೂ ಸಿಗುವುದಿಲ್ಲ. ಮರಗಳಿಗೂ ಹಾಗೆಯೇ, ಮಹಜರಿನ ಮೊದಲು ಪ್ರತಿ ಅಡಿಕೆ ಮರಕ್ಕೆ ಬಣ್ಣದಲ್ಲಿ ನಂಬರು ಹಾಕಿ ಫೋಟೊ ತೆಗೆಯಿರಿ. ನಾನು ಹಾಕಿದ್ದೆ, ಆದರೆ ಮರಕ್ಕೆ ಹಬ್ಬಿದ ಕರಿಮೆಣಸಿನ ಬಳ್ಳಿಗಳನ್ನು ಬೇರೆ ಸಾಲಿನಲ್ಲಿ ಬರೆಸಲು ಮರೆತೆ. ಮೂವತ್ತಕ್ಕೂ ಹೆಚ್ಚು ಬಳ್ಳಿ ಲೆಕ್ಕಕ್ಕೇ ಬರಲಿಲ್ಲ.

ಸುರಂಗದ, ಅಂದರೆ ನೀರಿಗಾಗಿ ಗುಡ್ಡೆಗೆ ಅಡ್ಡಲಾಗಿ ಕೊರೆದ ಮಾಟೆಯ, ಸಂಗತಿ ಸ್ವಲ್ಪ ಬೇರೆ. ಅಂದಾಜು ಪಟ್ಟಿಯಲ್ಲಿ ಬಾವಿಗೆ ದರ ಇದೆ, ಕೊಳವೆಬಾವಿಗೆ ಇದೆ, ನಮ್ಮ ಸುರಂಗಕ್ಕೆ ಇಲ್ಲ. ‘ಬಾವಿ ಇಲ್ಲ’ ಎಂದು ಬರೆದು ಹೋಗಿದ್ದರು. 60 ಕೋಲು ಉದ್ದ, ಅಂದರೆ 45 ಮೀಟರಿನಷ್ಟು. ಅಗಲ 0.6, ಎತ್ತರ 1.8. ಒಟ್ಟು 49 ಘನ ಮೀಟರಿನಷ್ಟು ಮುರಕಲ್ಲು ಕೊರೆದದ್ದು. ಮಾರ್ಚಿನಲ್ಲಿ 20 ಲೀಟರಿನ ಕೊಡಪಾನ ಇಟ್ಟು ನೋಡಿದೆ, 3 ನಿಮಿಷ 20 ಸೆಕೆಂಡಿನಲ್ಲಿ ತುಂಬಿತು, ದಿನಕ್ಕೆ 8,600 ಲೀಟರ್. ನೀರಿನ ಲೆಕ್ಕವನ್ನು ಒಪ್ಪಲಿಲ್ಲ, ಕೊರೆತದ ಕೂಲಿ ಲೆಕ್ಕವನ್ನು ಒಪ್ಪಿದರು. ಸುರಂಗವಿರುವವರು ಕೋಲಿನ ಲೆಕ್ಕವನ್ನು ಘನ ಮೀಟರಿಗೆ ತಿರುಗಿಸಿಯೇ ಕೊಡಬೇಕು.

ಅರ್ಜಿಯಲ್ಲಿ 3ಜಿ(7)ರ ಬಾಬ್ತುಗಳನ್ನು ಬೇರೆ ಬೇರೆಯಾಗಿ ಬರೆಯಿರಿ: ಜಾಗ ತುಂಡಾದದ್ದು, ಉಳಿದ ಮನೆಗೆ ದಾರಿ ಕೆಟ್ಟದ್ದು, ವಾಸ ಬದಲಿಸಿದ್ದು. ಒಟ್ಟಿಗೆ ‘ನಷ್ಟ’ ಎಂದರೆ ಒಂದೂ ಸಿಗದು. ಹಟ್ಟಿ, ಗೂಡಂಗಡಿ ಹೋದವರಿಗೆ 2013ರ ಕಾಯ್ದೆಯ ಎರಡನೇ ಶೆಡ್ಯೂಲಿನಲ್ಲಿ ಕನಿಷ್ಠ 25,000 ಇದೆ, ಕೇಳದೆ ಬಿಡಬೇಡಿ. ತರವಾಡಿನ, ಅಂದರೆ ಕೂಡುಕುಟುಂಬದ, ಜಾಗವಾದರೆ ಭಾಗಪತ್ರ ಮೊದಲೇ ಆಗಿರಲಿ. ಪಾಲಿನ ತಕರಾರು ಬಂದರೆ ಅದು ಸಿವಿಲ್ ಕೋರ್ಟಿಗೆ ಹೋಗಿ ಹಣ ಅಲ್ಲೇ ಕೂರುತ್ತದೆ. ಹಳೆಯ ಕನ್ನಡ ದಾಖಲೆಗಳನ್ನು, ಮುಖ್ಯವಾಗಿ ನಮ್ಮ ಊರು ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ 1956ರ ಮೊದಲಿನವನ್ನು, ಭಾಷಾಂತರ ಮಾಡಿಸಿ ಜೊತೆಗೆ ಲಗತ್ತಿಸಿದೆ. ಕುಮ್ಕಿ ಜಾಗಕ್ಕೆ (ಕೃಷಿ ಜಾಗಕ್ಕೆ ತಾಗಿದ, ಬಳಕೆಯ ಹಕ್ಕಷ್ಟೇ ಇರುವ ಸರಕಾರಿ ಜಾಗ) ಪಟ್ಟೆ, ಅಂದರೆ ಸ್ವಂತ ಹಕ್ಕಿನ, ಜಾಗದ ಲೆಕ್ಕ ನಡೆಯಲಿಲ್ಲ.

ಸಾಕ್ಷ್ಯವೆಲ್ಲ ಆರ್ಬಿಟ್ರೇಟರ ಮುಂದೆಯೇ ಇಳಿಸಬೇಕು. ಮುಂದೆ ಆರ್ಬಿಟ್ರೇಶನ್ ಕಾಯ್ದೆಯ 34ನೇ ಸೆಕ್ಷನ್‌ನಲ್ಲಿ ಜಿಲ್ಲಾ ಕೋರ್ಟಿಗೆ ಹೋದರೆ ಕ್ರಯಪತ್ರಗಳನ್ನು ಹೊಸದಾಗಿ ತೂಗುವುದಿಲ್ಲ. ಅಲ್ಲಿ ಅವಧಿಯೂ ಮೂರು ತಿಂಗಳು, ಸಕಾರಣವಿದ್ದರೆ ಮತ್ತೆ 30 ದಿನ, ಅಷ್ಟೇ.

ನಕಲು, ಅಳತೆ, ವ್ಯಾಲ್ಯುವರ್, ಓಡಾಟ ಸೇರಿ 38,000 ಖರ್ಚಾಯಿತು, ವಕೀಲರದ್ದು ಬೇರೆ. ಹೆಚ್ಚಿದ ಮೊತ್ತಕ್ಕೆ ಸ್ವಾಧೀನದ ದಿನದಿಂದ 9 ಶೇಕಡಾ ಬಡ್ಡಿ ಉಂಟು. ನನಗೆ ಮೊದಲು ಕೊಟ್ಟ ಲೆಕ್ಕದಲ್ಲಿ ಅದು ಆದೇಶದ ದಿನದಿಂದ ಇತ್ತು. ಸ್ವಾಧೀನದ ಮಹಜರಿನ ನಕಲು ತೋರಿಸಿ ತಿದ್ದಿಸಿಕೊಂಡೆ.